ಪೇಟೆ ಚೌಕದ ಶೌಚಾಲಯಕ್ಕಾಗಿ ಥೆಲ್ಮಾ ಟಪ್ಪರ್ ಗೆದ್ದ ಚುನಾವಣೆ

ಥೆಲ್ಮಾ ಟಪ್ಪರ್ ಚುನಾವಣೆಗೆ ನಿಲ್ಲುತ್ತೇನೆ ಎಂದಾಗ ಮೊದಲು ನಕ್ಕವನು ನಾನೇ. ಮೂವತ್ತೊಂದು ವರ್ಷ ಸ್ಕೆಲ್‌ಬರೋದ ಬೀದಿಬೀದಿಗೆ ಅಂಚೆ ಹಂಚಿದವನು ನಾನು. ಈ ಊರಿನವರು ಹೇಗೆ ಮತ ಹಾಕುತ್ತಾರೆಂದು ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಅಪ್ಪ ಯಾರಿಗೆ ಹಾಕಿದ್ದನೋ ಮಗ ಅವನಿಗೇ ಹಾಕುತ್ತಾನೆ. ಆ ಮನುಷ್ಯ ಸತ್ತಿದ್ದರೆ ಅವನ ಪಕ್ಷದವನಿಗೆ. ಇಂಥ ಊರಲ್ಲಿ ಅರವತ್ತೆಂಟು ವರ್ಷದ, ಹಿಂದೆ ಮುಂದೆ ಯಾವ ಪಕ್ಷವೂ ಇಲ್ಲದ ಹೆಂಗಸು, ಅದೂ ಯಾರ ಎದುರು? ಇಪ್ಪತ್ತನಾಲ್ಕು ವರ್ಷದಿಂದ ಕೌನ್ಸಿಲರ್ ಆಗಿರುವ ಮಾಂಸದಂಗಡಿಯ ರೋಲಂಡ್ ಸ್ಟ್ಯಾಗ್ ಎದುರು.

"ನಕ್ಕಿದ್ದಾಯ್ತಾ ಸಿಡ್?" ಎಂದಳು ಥೆಲ್ಮಾ. "ಆಗಿದ್ರೆ ಇಲ್ಲೊಂದು ಸೈನ್ ಹಾಕು. ನೀನೇ ನನ್ನ ಏಜೆಂಟು."

"ನಾನ್ಯಾಕೆ?"

"ಊರಲ್ಲಿ ಯಾವ ಬಾಗ್ಲಲ್ಲಿ ಯಾವ ನಾಯಿ ಕಚ್ಚುತ್ತೆ ಅಂತ ನಿನಗೆ ಬಿಟ್ರೆ ಇನ್ಯಾರಿಗೆ ಗೊತ್ತು?"

ಹಾಕಿದೆ. ಅವಳಿಗೆ ಆಗೋದಿಲ್ಲ ಎಂದು ಹೇಳಿ ಬಚಾವಾದವರನ್ನು ನಾನು ನೋಡಿಲ್ಲ.

ಥೆಲ್ಮಾ ಹುಟ್ಟಿದ್ದು ಇದೇ ಊರಿನ ಮೀನಂಗಡಿಯ ಮಹಡಿಯಲ್ಲಿ. ಹದಿನೈದನೆಯ ವಯಸ್ಸಿಗೆ ಬಟಾಣಿ ಡಬ್ಬಿಗೆ ತುಂಬುವ ಕಾರ್ಖಾನೆ ಸೇರಿದಳು. ಅದು ಮುಚ್ಚಿತು. ಗಂಡ ಲೆನ್ ಲಾರಿ ಓಡಿಸುತ್ತಿದ್ದ, ಒಳ್ಳೆಯವನು, ಬೇಗ ಹೋದ. ಆಮೇಲೆ ಅವಳಿಗೆ ಸಿಕ್ಕಿದ್ದು ಪೇಟೆ ಚೌಕದ ಶೌಚಾಲಯ ನೋಡಿಕೊಳ್ಳುವ ಕೆಲಸ. ಇಪ್ಪತ್ತಾರು ವರ್ಷ ಮಾಡಿದಳು. ತನ್ನ ಹಿತ್ತಲಲ್ಲಿ ಬೆಳೆದ ಡೇಲಿಯಾ ಹೂವನ್ನು ಜಾಮ್ ಬಾಟಲಿಯಲ್ಲಿಟ್ಟು ಕಿಟಕಿಯ ಮೇಲೆ ಇಡುತ್ತಿದ್ದಳು. ನೆಲ ಎಷ್ಟು ಚೊಕ್ಕಟವಾಗಿರುತ್ತಿತ್ತೆಂದರೆ ಜನ ಕಾಲು ಒರೆಸಿಕೊಂಡು ಒಳಗೆ ಹೋಗುತ್ತಿದ್ದರು. ಗಂಡ ಬಿಟ್ಟುಹೋದವರು, ಆಸ್ಪತ್ರೆಯಿಂದ ಕೆಟ್ಟ ಸುದ್ದಿ ತಂದವರು ಅಲ್ಲಿಗೆ ಹೋಗಿ ಅತ್ತು ಬರುತ್ತಿದ್ದರು, ಮತ್ತು ಥೆಲ್ಮಾ ಒಂದು ಕಪ್ ಚಹಾ ಕೊಟ್ಟು ಬೈದು ಕಳಿಸುತ್ತಿದ್ದಳು. ಊರಿನ ಪಾದ್ರಿಗಿಂತ ಹೆಚ್ಚು ಗುಟ್ಟು ಅವಳ ಹೊಟ್ಟೆಯಲ್ಲಿತ್ತು, ಒಂದೂ ಹೊರಗೆ ಬರಲಿಲ್ಲ.

ಎರಡು ವರ್ಷದ ಹಿಂದೆ ಜಿಲ್ಲಾ ಕೌನ್ಸಿಲ್ಲಿನವರು ಆ ಶೌಚಾಲಯಕ್ಕೆ ಬೀಗ ಹಾಕಿದರು. ಖರ್ಚು ಜಾಸ್ತಿ ಅಂತೆ. ಅದೇ ತಿಂಗಳು ಚೌಕದ ನಡುವೆ 'ಐತಿಹಾಸಿಕ ಸ್ಕೆಲ್‌ಬರೋಗೆ ಸ್ವಾಗತ' ಎಂದು ಗಾಜಿನ ಫಲಕ ನಿಲ್ಲಿಸಿದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಬೀಗ ಹಾಕುವ ಠರಾವಿಗೆ ಕೈ ಎತ್ತಿದವರಲ್ಲಿ ನಮ್ಮ ರೋಲಂಡನೂ ಒಬ್ಬ.

ಥೆಲ್ಮಾ ಕೆಲಸ ಹೋದದ್ದಕ್ಕೆ ಒಂದು ಮಾತು ಆಡಲಿಲ್ಲ. ಅವಳನ್ನು ಕೆರಳಿಸಿದ್ದು ಎನಿಡ್‌ಗೆ ಆದದ್ದು. ಎನಿಡ್ ಅವಳ ಜೀವದ ಗೆಳತಿ, ಎಪ್ಪತ್ತನಾಲ್ಕು ವರ್ಷ, ಮುಂಚೆ ಶಾಲೆಯಲ್ಲಿ ಪಿಯಾನೊ ನುಡಿಸುತ್ತಿದ್ದಳು, ಬಟ್ಟೆಗೆ ಒಂದು ಸುಕ್ಕು ಬಿದ್ದರೆ ಮನೆಯಿಂದ ಹೊರಗೆ ಬರದವಳು. ಬೀಗ ಬಿದ್ದ ಮೂರನೆಯ ವಾರ, ಬುಧವಾರದ ಸಂತೆಯಲ್ಲಿ, ಚೀಸ್ ಮಾರುವವನ ಮುಂದೆ ಸರದಿಯಲ್ಲಿ ನಿಂತಿದ್ದಾಗ ಅವಳಿಗೆ ತಡೆದುಕೊಳ್ಳಲಾಗಲಿಲ್ಲ. ಎಲ್ಲರೂ ನೋಡಿದರು. ನೋಡಲೇ ಇಲ್ಲವೆಂಬಂತೆ ಎಲ್ಲರೂ ಆಕಾಶ ನೋಡಿದರು, ಅದು ಇನ್ನೂ ಕೆಟ್ಟದ್ದು. ಅಂದಿನಿಂದ ಎನಿಡ್ ಸಂತೆಗೆ ಬಂದಿಲ್ಲ. ಚರ್ಚಿಗೂ ಇಲ್ಲ. ಥೆಲ್ಮಾ ಸಾಮಾನು ತಂದು ಕೊಟ್ಟರೆ ಬಾಗಿಲಲ್ಲೇ ತೆಗೆದುಕೊಳ್ಳುತ್ತಿದ್ದಳು.

"ಅವಳು ಆ ಮನೆಯೊಳಗೇ ಸಾಯ್ತಾಳೆ ಸಿಡ್," ಎಂದಳು ಥೆಲ್ಮಾ ನನ್ನ ಹತ್ತಿರ. "ಎಲ್ಲಾ ಒಂದು ಬೀಗದ ದೆಸೆಯಿಂದ. ಆ ಬೀಗ ತೆಗೆಸ್ದೆ ನಾನು ಸುಮ್ನಿರಲ್ಲ."

ಆರು ವಾರ ಮನೆಮನೆ ಸುತ್ತಿದೆವು. ನಮ್ಮ ಜನ ಬಲು ಮರ್ಯಾದಸ್ಥರು. ಬಾಗಿಲಿಗೆ ಬಂದವರಿಗೆ ಹಾಕೋದಿಲ್ಲ ಎಂದು ಯಾರೂ ಹೇಳುವುದಿಲ್ಲ. ರೋಲಂಡ್ ಬಂದರೆ "ಖಂಡಿತ ರೋಲಂಡ್, ನೀನೇ ಅಲ್ವಾ ಯಾವಾಗ್ಲೂ" ಎನ್ನುತ್ತಾರೆ, ನಾವು ಹೋದರೆ "ಖಂಡಿತ ಥೆಲ್ಮಾ, ಇನ್ಯಾರಿಗೆ" ಎನ್ನುತ್ತಾರೆ. ಎಲ್ಲರದ್ದೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಇದೆಲ್ಲ ಸೇರಿಸಿದರೆ ಇಬ್ಬರೂ ಗೆದ್ದಿರಬೇಕಿತ್ತು. ಅದರಲ್ಲೂ ರೋಲಂಡನ ಹತ್ತಿರ ಮುಖ ಮುರಿದುಕೊಳ್ಳುವುದು ಕಷ್ಟ. ಶನಿವಾರ ಬೆಳಿಗ್ಗೆ ಅವನ ಅಂಗಡಿಯಲ್ಲೇ ನಿಂತು ಸಾಸೇಜ್ ಕೊಳ್ಳಬೇಕು. ಅವನೂ ಕೆಟ್ಟವನಲ್ಲ, ಮುದುಕರಿಗೆ ಮಾಂಸ ತೂಗುವಾಗ ಒಂದು ತುಂಡು ಹೆಚ್ಚೇ ಹಾಕುತ್ತಾನೆ.

ಗುರುವಾರ ಮತದಾನ, ಶುಕ್ರವಾರ ಬೆಳಿಗ್ಗೆ ಎಣಿಕೆ. ಜಿಲ್ಲೆಯ ಎಲ್ಲ ವಾರ್ಡುಗಳದ್ದೂ ಒಂದೇ ಕಡೆ, ಬ್ಯಾಡ್ಮಿಂಟನ್ ಆಡುವ ಒಳಾಂಗಣದಲ್ಲಿ. ಥೆಲ್ಮಾ ಮದುವೆಗಳಿಗೆ ಮಾತ್ರ ಹಾಕುವ ನೀಲಿ ಕೋಟು ಹಾಕಿಕೊಂಡು ಬಂದಿದ್ದಳು. ಮತಪತ್ರಗಳನ್ನು ಇಪ್ಪತ್ತೈದರ ಕಟ್ಟುಗಳಾಗಿ ಮಾಡಿ ಮೇಜಿನ ಮೇಲೆ ಸಾಲಾಗಿ ಇಡುತ್ತ ಹೋದರು. ರೋಲಂಡನ ಸಾಲು ಒಮ್ಮೆ ಮುಂದೆ, ಥೆಲ್ಮಾಳ ಸಾಲು ಒಮ್ಮೆ ಮುಂದೆ. ನಾನು ಎರಡೂ ಸಾಲುಗಳನ್ನು ಬೆರಳು ಮಡಿಸಿ ಎಣಿಸುತ್ತಿದ್ದೆ. ಅವಳು ಮಾತ್ರ ಎಣಿಸುವ ಹುಡುಗಿಗೆ "ಬೆನ್ನು ನೆಟ್ಟಗಿಟ್ಟುಕೊಂಡು ಕೂರಮ್ಮ, ನೋವು ಬರುತ್ತೆ" ಎಂದು ಬುದ್ಧಿ ಹೇಳುತ್ತಿದ್ದಳು.

ಕೊನೆಗೆ ರೋಲಂಡ್ ಆರುನೂರ ಹನ್ನೆರಡು, ಥೆಲ್ಮಾ ಆರುನೂರ ಹತ್ತು. ಎರಡು ಮತ ಕಡಿಮೆ. ಆದರೆ ಅನುಮಾನಕ್ಕೆಂದು ಪಕ್ಕಕ್ಕಿಟ್ಟ ಎಂಟು ಮತಪತ್ರ ಉಳಿದಿದ್ದವು. ಚುನಾವಣಾಧಿಕಾರಿಯಮ್ಮ ನಮ್ಮೆಲ್ಲರನ್ನೂ ಮೇಜಿನ ಹತ್ತಿರ ಕರೆದರು.

ಮೂರು ಖಾಲಿ, ಅವು ಹೋದವು. ನಾಲ್ಕನೆಯದರಲ್ಲಿ ಥೆಲ್ಮಾಳಿಗೆ ಗುರುತು ಹಾಕಿ, ಕೆಳಗೆ ಯಾರೋ ಪುಣ್ಯಾತ್ಮರು ತಮ್ಮ ಹೆಸರನ್ನೂ ವಿಳಾಸವನ್ನೂ ಬರೆದಿದ್ದರು. ಮತ ಯಾರದ್ದೆಂದು ಗೊತ್ತಾದರೆ ಅದು ಲೆಕ್ಕಕ್ಕಿಲ್ಲ. ಅದೂ ಹೋಯಿತು. ಬಂಗಾರದಂಥ ಮತ ಹೀಗೆ ಹಾಳಾಯಿತಲ್ಲ ಎಂದು ನಾನು ಹಲ್ಲು ಕಡಿದೆ.

ಉಳಿದ ನಾಲ್ಕು ಒಂದೇ ಥರ ಇದ್ದವು. ಥೆಲ್ಮಾಳ ಚೌಕದಲ್ಲಿ ಗುರುತು, ರೋಲಂಡನ ಚೌಕದಲ್ಲಿ ಬರಹ.

"ನನ್ನ ಚೌಕದಲ್ಲೂ ಬರೆದಿದಾರಲ್ಲ," ಎಂದ ರೋಲಂಡ್. "ಎರಡು ಕಡೆ ಬರೆದ್ರೆ ಹೇಗೆ ಮೇಡಂ? ಕೆಟ್ಟ ಮತ ಅಲ್ವಾ?"

"ಮತದಾರರ ಮನಸ್ಸಲ್ಲಿ ಏನಿದೆ ಅನ್ನೋದು ಸ್ಪಷ್ಟ ಇದ್ರೆ ಕೆಡಲ್ಲ," ಎಂದು ಆಕೆ ಕನ್ನಡಕ ಏರಿಸಿಕೊಂಡರು. "ಓದ್ತೀನಿ, ಕೇಳಿ."

ಮೊದಲನೆಯದು: "ಕ್ಷಮಿಸು ರೋಲಂಡ್."

ಎರಡನೆಯದು: "ಬೇಜಾರು ಮಾಡ್ಕೋಬೇಡ ರೋಲಂಡ್. ನಿನ್ನ ಸಾಸೇಜ್ ಮಾತ್ರ ಬಿಡಲ್ಲ."

ಮೂರನೆಯದು: "ಈ ಸಲ ಬೇಡಪ್ಪಾ. ತಪ್ಪು ತಿಳ್ಕೋಬೇಡ."

ಎಣಿಸುತ್ತಿದ್ದವರೆಲ್ಲ ತಲೆ ತಗ್ಗಿಸಿ ನಗು ನುಂಗುತ್ತಿದ್ದರು. ಹೇಳಿ, ಲೋಕದಲ್ಲಿ ಇನ್ನೆಲ್ಲಾದರೂ ಸೋಲಿಸುವ ಮೊದಲು ಸೋಲುವವನ ಕ್ಷಮೆ ಕೇಳುವ ಜನ ಇದ್ದಾರೆಯೇ? ಆರು ವಾರ ಇಬ್ಬರಿಗೂ ಮಾತು ಕೊಟ್ಟವರು ಇವರು. ಪೆನ್ಸಿಲ್ ಕೈಗೆ ಬಂದಾಗ ಮನಸ್ಸು ಚುಚ್ಚಿರಬೇಕು.

ನಾಲ್ಕನೆಯದನ್ನು ಆಕೆ ಸ್ವಲ್ಪ ಮೆಲ್ಲಗೆ ಓದಿದರು. "ನೀನು ಒಳ್ಳೆಯವನೇ ರೋಲಂಡ್. ಆದರೆ ನನಗೆ ಎಪ್ಪತ್ತೊಂಬತ್ತು, ನಾನೂ ಹೊರಗೆ ಬರಬೇಕು."

ರೋಲಂಡ್ ಆ ಕಾಗದದ ಮೇಲೆ ಬಗ್ಗಿ ತಾನೇ ಇನ್ನೊಮ್ಮೆ ಓದಿದ. ಅವನ ಏಜೆಂಟ್ ಏನೋ ವಾದ ಮಾಡಲು ಬಾಯಿ ತೆರೆದ. ರೋಲಂಡ್ ಅವನ ಭುಜದ ಮೇಲೆ ಕೈ ಇಟ್ಟ.

"ಬಿಡಪ್ಪಾ," ಎಂದ. "ಇದಕ್ಕಿಂತ ಸ್ಪಷ್ಟ ಇನ್ನೇನು ಹೇಳ್ಬೇಕು."

ನಾಲ್ಕೂ ಥೆಲ್ಮಾಳಿಗೆ ಸೇರಿದವು. ಆದರೂ ಕಟ್ಟುಗಳನ್ನೆಲ್ಲ ಬಿಚ್ಚಿ ಇನ್ನೊಮ್ಮೆ ಎಣಿಸಿದರು, ಅಂಕೆ ಬದಲಾಗಲಿಲ್ಲ. ಆರುನೂರ ಹದಿನಾಲ್ಕು, ಆರುನೂರ ಹನ್ನೆರಡು. ವೇದಿಕೆಯ ಮೇಲೆ ಹೆಸರು ಕೂಗಿದಾಗ ನಾನು ಅರವತ್ತಾರು ವರ್ಷದವನೆಂಬುದನ್ನು ಮರೆತು ಕುರ್ಚಿಯ ಮೇಲೆ ಹತ್ತಿ ನಿಂತು ಕಿರುಚಿದೆ. ಮಂಡಿ ಇವತ್ತಿಗೂ ನೋಯುತ್ತದೆ, ಒಂದಿಷ್ಟೂ ಬೇಸರವಿಲ್ಲ. ರೋಲಂಡ್ ಬಂದು ಅವಳ ಕೈ ಕುಲುಕಿದ.

"ಶನಿವಾರ ಅಂಗಡಿಗೆ ಬರ್ತೀಯಲ್ಲ ಥೆಲ್ಮಾ?"

"ಬರ್ದೆ ಎಲ್ಲಿ ಹೋಗ್ಲಿ? ಒಂದು ತುಂಡು ಹೆಚ್ಚಿಗೆ ಹಾಕು ಆಮೇಲೆ, ಕೌನ್ಸಿಲರ್ ಕಣಯ್ಯ ನಾನು."

ಅಷ್ಟಕ್ಕೇ ಮುಗಿಯಿತು ಎಂದುಕೊಂಡಿದ್ದೆ. ನಾನೆಂಥ ದಡ್ಡ. ಮಧ್ಯಾಹ್ನದ ಹೊತ್ತಿಗೆ ಗೋಡೆಯ ಮೇಲಿನ ಪಟ್ಟಿಯಲ್ಲಿ ಇಡೀ ಜಿಲ್ಲೆಯ ಫಲಿತಾಂಶ ತುಂಬಿತು. ಆಳುವ ಪಕ್ಷ ಹದಿನೇಳು. ಎದುರು ಪಕ್ಷ ಹದಿನೇಳು. ಪಕ್ಷವಿಲ್ಲದವರು ಒಂದು.

ಆ ಒಂದು ಆಗ ಮೂಲೆಯ ಬೆಂಚಿನ ಮೇಲೆ ಶೂ ಬಿಚ್ಚಿ ಮೊಟ್ಟೆ ಸ್ಯಾಂಡ್‌ವಿಚ್ ತಿನ್ನುತ್ತಿತ್ತು.

ಎರಡು ನಿಮಿಷದೊಳಗೆ ಎರಡು ಪಕ್ಷದ ಮುಖಂಡರೂ ಎರಡು ದಿಕ್ಕಿನಿಂದ ಬಂದರು, ಇಬ್ಬರ ಕೈಯಲ್ಲೂ ಅವಳಿಗೆಂದು ಚಹಾ. ಆಳುವ ಪಕ್ಷದ ಬೂದು ಕೋಟಿನವನು, ಬೀಗ ತೆಗೆಸಿ ಎಂದು ಎರಡು ವರ್ಷದಿಂದ ಅವಳು ಬರೆದ ಒಂದು ಪತ್ರಕ್ಕೂ ಉತ್ತರ ಕೊಟ್ಟಿರಲಿಲ್ಲ.

"ಮೇಡಂ, ಉಪಾಧ್ಯಕ್ಷ ಸ್ಥಾನ ನಿಮಗೇ," ಎಂದ ಅವನು.

"ನಮ್ ಕಡೆ ಬನ್ನಿ, ಉದ್ಯಾನಗಳ ಸಮಿತಿಗೆ ನೀವೇ ಮುಖ್ಯಸ್ಥರು," ಎಂದಳು ಎದುರು ಪಕ್ಷದವಳು. "ಹೂವು ಅಂದ್ರೆ ನಿಮಗೆ ಪ್ರಾಣವಂತೆ."

ಥೆಲ್ಮಾ ಎರಡೂ ಚಹಾ ತೆಗೆದುಕೊಂಡಳು. ಒಂದನ್ನು ನನಗೆ ಕೊಟ್ಟಳು.

"ನನಗೆ ಸ್ಥಾನ ಗೀನ ಏನೂ ಬೇಡ," ಎಂದಳು. "ಪೇಟೆ ಚೌಕದ ಬೀಗ ತೆಗೀಬೇಕು. ಬಿಸಿನೀರು ಬರ್ಬೇಕು, ನೋಡ್ಕೊಳ್ಳೋಕೆ ಸಂಬಳದ ಆಳು ಇರ್ಬೇಕು. ಯಾರು ಮೊದಲು ತೆಗೆಸ್ತೀರೋ ಅವರ ಅಧ್ಯಕ್ಷರಿಗೆ ನಾನು ಕೈ ಎತ್ತುತ್ತೀನಿ. ಆಮೇಲೆ ಕಣ್ಣು ಮುಚ್ಕೊಂಡು ಕೈ ಎತ್ತೋದಿಲ್ಲ, ಹೇಳಿದೀನಿ."

"ಅಷ್ಟೇನಾ?" ಎಂದ ಬೂದು ಕೋಟಿನವನು.

"ಅಷ್ಟೇ ಅಂತ ಈಗ ಅನ್ಸುತ್ತಾ? ಎರಡು ವರ್ಷ ಬರ್ದೆನಲ್ಲ, ಆಗ ಯಾಕಪ್ಪಾ ಅನ್ಸಲಿಲ್ಲ?"

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ ಇಪ್ಪತ್ತು ವರ್ಷ ಕಚ್ಚಾಡಿದ ಎರಡು ಪಕ್ಷಗಳು ಕೌನ್ಸಿಲ್ಲಿನ ಮೊದಲ ಸಭೆಯಲ್ಲಿ ಈ ಒಂದು ಠರಾವಿಗೆ ಒಟ್ಟಿಗೆ ಕೈ ಎತ್ತಿದವು. ಮೂವತ್ತೈದಕ್ಕೆ ಮೂವತ್ತೈದು. ಹಿಂದಿನ ಸಾಲಿನಲ್ಲಿ, ಜನರು ಕೂರುವ ಕಡೆ, ರೋಲಂಡ್ ಕೂತಿದ್ದ. ಅವನೂ ಮರೆತು ಕೈ ಎತ್ತಿಬಿಟ್ಟ.

ಜೂನ್ ತಿಂಗಳ ಎರಡನೆಯ ಬುಧವಾರ, ಸಂತೆಯ ದಿನ, ಬೀಗ ತೆಗೆದರು. ಚಪ್ಪಾಳೆ, ಫೋಟೊ, ಭಾಷಣ ಎಲ್ಲವೂ ಆಯಿತು. ಥೆಲ್ಮಾ ಯಾವುದಕ್ಕೂ ನಿಲ್ಲಲಿಲ್ಲ. ನೀಲಿ ಕೋಟು ಹಾಕಿಕೊಂಡೇ ಎನಿಡ್ ಮನೆಗೆ ಹೋಗಿ ಬಾಗಿಲು ತಟ್ಟಿದಳು. ಒಳಗೆ ಏನು ಮಾತಾಯಿತೋ ನನಗೆ ಗೊತ್ತಿಲ್ಲ, ಬಹಳ ಹೊತ್ತಾಯಿತು. ಹತ್ತು ಗಂಟೆಗೆ ಇಬ್ಬರೂ ಕೈ ಕೈ ಹಿಡಿದು ಚೌಕಕ್ಕೆ ಬಂದರು. ಎನಿಡ್ ಬಿಳಿಚಿಕೊಂಡಿದ್ದಳು. ಚೀಸ್‌ನವನು ಎರಡು ವರ್ಷದ ಮಾತನ್ನೇ ಎತ್ತದೆ, "ಎನಿಡಮ್ಮ, ಯಾವಾಗಿನದ್ದೇ ತಾನೆ?" ಎಂದು ಕೇಳಿ ತುಂಡು ಕತ್ತರಿಸಿದ. ಆ ಮನುಷ್ಯನಿಗೆ ದೇವರು ಒಳ್ಳೆಯದು ಮಾಡಲಿ.

ಆಮೇಲೆ ಅವಳು ನಿಂತದ್ದೇ ಇಲ್ಲ. ಉಣ್ಣೆಯ ಅಂಗಡಿ, ಹಳೆಯ ಪುಸ್ತಕ, ಗಿಡದವನು, ಮತ್ತೆ ಉಣ್ಣೆಯ ಅಂಗಡಿ. ಮಧ್ಯೆ ನಮ್ಮೊಂದಿಗೆ ಕೂತು ಎರಡು ಲೋಟ ಚಹಾ ಕುಡಿದಳು, ಎರಡು ವರ್ಷದ ಊರ ಸುದ್ದಿಯನ್ನೆಲ್ಲ ಕೇಳಿ ತಿಳಿದುಕೊಂಡಳು, ನಕ್ಕಳು. ಅವಳ ನಗು ನನಗೆ ಮರೆತೇ ಹೋಗಿತ್ತು. ಸಂತೆ ಎತ್ತುವಾಗ ನಾಲ್ಕು ಗಂಟೆ.

"ಅಲ್ವೇ ಎನಿಡ್," ಎಂದಳು ಥೆಲ್ಮಾ. "ನಿನಗೋಸ್ಕರ ಇಡೀ ಕೌನ್ಸಿಲನ್ನೇ ತಲೆಕೆಳಗು ಮಾಡಿದೆ. ಬೆಳಿಗ್ಗೆಯಿಂದ ನೋಡ್ತಾ ಇದೀನಿ, ಒಂದು ಸಲನಾದ್ರೂ ಒಳಗೆ ಹೋಗ್ಬಾರ್ದಾ?"

ಎನಿಡ್ ತನ್ನ ಚೀಲಗಳನ್ನೆಲ್ಲ ಎತ್ತಿಕೊಂಡಳು.

"ಹೋಗ್ಬೇಕು ಅನ್ನಿಸ್ಲೇ ಇಲ್ಲ ಕಣೆ," ಎಂದಳು. "ಬಾಗಿಲು ತೆಗ್ದಿದೆ ಅಂತ ಗೊತ್ತಿತ್ತಲ್ಲ, ಅದಕ್ಕೇ ಅನ್ನಿಸ್ಲಿಲ್ಲ."