ಕರಿ ನಾಯಿ, ಸಾಗವಾನಿ ಪುಡಿ

ಜಮಖಂಡಿಯ ನಮ್ಮ ಮನೆಯ ಹಿತ್ತಲಲ್ಲಿ ಒಂದು ತಗಡಿನ ಪತ್ರಾಸ್ ಶೆಡ್ಡಿದೆ. ನಾನು ಅದನ್ನು ವರ್ಕ್‌ಶಾಪ್ ಅನ್ನುತ್ತೇನೆ. ನನ್ನ ಹೆಂಡತಿ ಧೂಳಿನ ಖೋಲಿ ಅನ್ನುತ್ತಾಳೆ. ಇಬ್ಬರಲ್ಲಿ ಅವಳ ಮಾತೇ ನಿಜಕ್ಕೆ ಹತ್ತಿರ.

ವಾರವಿಡೀ ವಿಮಾ ಕಚೇರಿಯಲ್ಲಿ ಕುಳಿತು ಸಹಿ ಹಾಕುವ ನನಗೆ, ಫೋನಿನಲ್ಲಿ ಪರದೇಶಿ ಬಡಗಿಗಳ ವಿಡಿಯೋ ನೋಡಿ ನೋಡಿ, ದೇವರು ನನ್ನನ್ನು ಬಡಗಿಯಾಗಿಯೇ ಹುಟ್ಟಿಸಿದ್ದ, ಸರ್ಕಾರದ ಪರೀಕ್ಷೆಗಳು ದಾರಿ ತಪ್ಪಿಸಿದವು ಎಂದು ಖಾತ್ರಿಯಾಗಿತ್ತು. ಹಾಗಾಗಿ ಒಂದು ರೂಟರ್ ಮಶೀನ್ ತಂದೆ. ಸುದ್ದಿ ತಿಳಿದು ಪಕ್ಕದ ಮನೆಯ ಹಿರಿಯರು ಗೋಡೆಯಾಚೆಯಿಂದ ಕೇಳಿದರು.

"ರೂಟರ್ ತಂದೀರಂತಲ್ರಿ. ಪಾಸ್‌ವರ್ಡ್ ಏನೈತಿ?"

ಇದು ವೈಫೈ ರೂಟರಲ್ಲ, ಕಟ್ಟಿಗೆಯ ಅಂಚು ಕೆತ್ತುವುದು ಎಂದು ತಿಳಿಸಿ ಹೇಳಿದೆ. ಪಾಸ್‌ವರ್ಡ್ ಕೊಡಲು ಮನಸ್ಸಿಲ್ಲದವನು ಇಷ್ಟು ದೊಡ್ಡ ಸುಳ್ಳು ಹೇಳಬೇಕಿರಲಿಲ್ಲ ಎನ್ನುವಂತೆ ಅವರು ನನ್ನನ್ನು ನೋಡಿದರು.

ಹಳೆಯ ಸಾಗವಾನಿ ಬಾಗಿಲಿನ ಹಲಗೆಗಳಿಂದ ಒಂದು ಟೇಬಲ್ ಮಾಡಿ, ಮಶೀನನ್ನು ಅದರ ಕೆಳಗೆ ತಲೆಕೆಳಗಾಗಿ ಬಿಗಿದೆ. ಮೇಲೆ ಇಣುಕುವ ಬ್ಲೇಡಿನ ಪಕ್ಕ ಒಂದು ಅಡ್ಡಹಲಗೆ ನಿಲ್ಲಿಸಿದೆ. ಕಟ್ಟಿಗೆಯನ್ನು ಅದಕ್ಕೆ ಒತ್ತಿ ಸರಿಸಿದರೆ ಅಂಚು ಬೆಣ್ಣೆಯಂತೆ ಬರುತ್ತದೆ ಎಂದು ವಿಡಿಯೋದವನು ಹೇಳಿದ್ದ. ಬಂತು. ಜೊತೆಗೆ ಧೂಳೂ ಬಂತು. ಅದರ ಬಗ್ಗೆ ಆ ಪುಣ್ಯಾತ್ಮ ಏನೂ ಹೇಳಿರಲಿಲ್ಲ. ಅವನ ಶೆಡ್ಡು ನಮ್ಮ ಬಸ್‌ಸ್ಟ್ಯಾಂಡಿನಷ್ಟಿತ್ತು, ಧೂಳು ಎಲ್ಲೋ ಮೂಲೆ ಹಿಡಿದು ಕೂತಿರಬೇಕು. ನಮ್ಮದು ಗೋಡೆ ಹಾರಿತು.

ಗೋಡೆಯಾಚೆಯ ಹಿರಿಯರು ಲೋಕಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ನಿವೃತ್ತರಾದವರು. ಈಗ ಅವರ ಕಂಟ್ರೋಲಿನಲ್ಲಿ ಉಳಿದಿರುವುದು ಒಂದು ಮುಧೋಳ ನಾಯಿ ಮಾತ್ರ. ಕಡುಗಪ್ಪು, ಸಣ್ಣ ಸೊಂಟ, ಉದ್ದ ಮೂತಿ. ಒಂದು ಸಂಜೆ ಅದರ ಕೊರಳಪಟ್ಟಿ ಹಿಡಿದು ನಮ್ಮ ಬಾಗಿಲಿಗೆ ಬಂದರು.

"ಸರ, ಇದರ ಬಣ್ಣಾ ಯಾವ್ದು ಹೇಳ್ರಿ."

"ಕರೀದರಿ."

"ಕಣ್ಣ ತಗದ ನೋಡಿ ಹೇಳ್ರಿ."

ನೋಡಿದೆ. ಹಳೆ ಬೆಲ್ಲದ ಬಣ್ಣ.

"ಬರೂ ಐತವಾರ ಮುಧೋಳದಾಗ ನಾಯಿಗೋಳ ಪ್ರದರ್ಶನ ಐತಿ. ಕರೀ ನಾಯಿ ಅಂತ ಹೆಸರ ಹಚ್ಚೇನಿ. ಹಿಂಗ ಒಯ್ದ್ರ, ಮುದಕ ಬ್ಯಾರೆ ನಾಯಿ ತಂದಾನ ಅಂತಾರ."

ಐತವಾರದೊಳಗೆ ಧೂಳನ್ನೆಲ್ಲ ಹಿಡಿದು ಹಾಕುತ್ತೇನೆ ಎಂದು ಮಾತು ಕೊಟ್ಟೆ.

ಉಪಾಯ ಸರಳವಾಗಿತ್ತು. ಅಡ್ಡಹಲಗೆಯಲ್ಲಿ ಬ್ಲೇಡಿಗೆಂದು ಬಿಟ್ಟ ಕಿಂಡಿಯ ಹಿಂದೆ ಪ್ಲೈವುಡ್ಡಿನ ಒಂದು ಪುಟ್ಟ ಪೆಟ್ಟಿಗೆ. ಪೆಟ್ಟಿಗೆಯ ಬೆನ್ನಿಗೊಂದು ತೂತು, ತೂತಿಗೊಂದು ಪೈಪು, ಪೈಪಿನ ಇನ್ನೊಂದು ತುದಿಗೆ ವ್ಯಾಕ್ಯೂಮ್ ಕ್ಲೀನರ್. ತೂತಿಗೂ ಪೈಪಿಗೂ ನಡುವೆ ಕೂರಿಸಲು ಒಂದು ತುಂಡು ಬೇಕೆಂದು ಪೇಟೆಯ ಪೈಪಿನ ಅಂಗಡಿಗೆ ಹೋದೆ.

"ಬೋರಿಗೇನ್ರಿ, ಡ್ರಿಪ್ಪಿಗೇನ್ರಿ?" ಅಂದ ಅಂಗಡಿಯವನು. ಸುತ್ತಲೂ ಕಬ್ಬು ಬೆಳೆಯುವ ಊರಿನಲ್ಲಿ ಪೈಪಿಗೆ ಮೂರನೆಯ ಉದ್ಯೋಗವಿಲ್ಲ.

"ಧೂಳಿಗ್ರಿ."

"ನಮ್ಮ ಕಡೆ ಧೂಳಿಗೆ ಪೈಪ್ ಹತ್ತೂದಿಲ್ರಿ. ಬಾಗ್ಲಾ ತಗದ್ರ ತಾನ ಬರ್ತೈತಿ."

ಅವನು ಕೊಟ್ಟದ್ದು ಸಡಿಲವಾಯಿತು. ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಬಿಗಿ ಮಾಡಿದೆ.

ಇನ್ನು ವ್ಯಾಕ್ಯೂಮ್ ಕ್ಲೀನರ್. ಅದನ್ನು ಹಿಂದೊಮ್ಮೆ ಮದುವೆಯ ವಾರ್ಷಿಕೋತ್ಸವದ ಉಡುಗೊರೆಯೆಂದು ಹೆಂಡತಿಗೆ ನಾನೇ ಕೊಟ್ಟಿದ್ದೆ. ಮನೆಯ ಕಸ ತೆಗೆಯುವ ಯಂತ್ರವನ್ನು ಪ್ರೀತಿಯಿಂದ ಕೊಡುವ ರಸಿಕತೆ ಎಲ್ಲ ಗಂಡಸರಿಗೂ ಬರುವುದಿಲ್ಲ. ಕೆಲವು ದಿನಕ್ಕೆ ಬೇಕಿತ್ತು ಎಂದೆ.

"ಮನಿ ಕಸಾ?" ಎಂದಳು.

"ಅಲ್ಲೀತನಕಾ ಕಸಬರಿಗಿ."

"ಯಾರ ಕೈಯಾಗ?"

ನಾನು ಯಂತ್ರ ಎತ್ತಿಕೊಂಡು ಹಿತ್ತಲಿಗೆ ನಡೆದೆ. ಅದನ್ನೇ ಅವಳು ಒಪ್ಪಿಗೆಯೆಂದು ತಿಳಿದಳು.

ಶನಿವಾರ ಸಂಜೆ ಎಲ್ಲ ಸಿದ್ಧವಾಯಿತು. ಹಿರಿಯರನ್ನು ಕರೆದೆ. ಅವರು ಆಗಷ್ಟೇ ಶಾಂಪೂ ಹಾಕಿ ತೊಳೆದ ನಾಯಿಯನ್ನೂ ಕರೆತಂದು ಟೇಬಲಿನ ಎದುರೇ ನಿಂತರು. ಹೆಂಡತಿ ಮೆಟ್ಟಿಲ ಮೇಲೆ ಕುಳಿತಳು. ಪೆಟ್ಟಿಗೆ ಕೂರಿಸುವಾಗ ಪರೀಕ್ಷೆಗೆಂದು ಕೊರೆದ ಕಟ್ಟಿಗೆಯ ಪುಡಿಯೆಲ್ಲ ಅದರೊಳಗೇ ತುಂಬಿಕೊಂಡಿತ್ತು. ಮೊದಲು ಅದು ಹೋಗಲಿ ಎಂದು ವ್ಯಾಕ್ಯೂಮ್ ಕ್ಲೀನರಿನ ಗುಂಡಿ ಒತ್ತಿದೆ.

ಆ ಯಂತ್ರಕ್ಕೆ ಎರಡು ಬಾಯಿ. ಒಂದು ಹೀರುತ್ತದೆ, ಒಂದು ಊದುತ್ತದೆ. ನಾನು ಊದುವ ಬಾಯಿಗೆ ಪೈಪು ಸಿಕ್ಕಿಸಿದ್ದೆ.

ಪುಡಿ ಇಳಿದು ಮುಖಗಳು ಕಾಣತೊಡಗಿದಾಗ ಹಿರಿಯರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸುತ್ತಿದ್ದರು. ಬಸ್‌ಸ್ಟ್ಯಾಂಡಿನ ಮೈಕಿನಲ್ಲಿ ಹೇಳುವಂತೆ ನಿಧಾನವಾಗಿ, "ಕಲೆಕ್ಷನ್ ಛಲೋ ಆತ್ರಿ," ಎಂದರು. ನಾಯಿ ಅಲ್ಲಿರಲಿಲ್ಲ. ಮೊಲದ ಹಿಂದೆ ಓಡಲೆಂದೇ ಹುಟ್ಟಿದ ತಳಿ ಅದು. ಅವತ್ತು ಅದರ ಹಿಂದೆ ನಾವಿಬ್ಬರೂ ಓಡಿದೆವು. ಹೆಂಡತಿ ನಕ್ಕು ನಕ್ಕು ಎದ್ದು ನಿಲ್ಲಲಾರದೆ ಮೆಟ್ಟಿಲ ಮೇಲೆಯೇ ಉಳಿದಳು.

ಶಿಕ್ಷೆಯಾಗಿ ಮರುದಿನ ಅವರನ್ನೂ ನಾಯಿಯನ್ನೂ ನನ್ನ ಕಾರಿನಲ್ಲೇ ಮುಧೋಳಕ್ಕೆ ಕರೆದೊಯ್ಯಬೇಕಾಯಿತು. ಮತ್ತೆ ತೊಳೆದದ್ದರಿಂದ ನಾಯಿ ಕಪ್ಪಗಾಗಿತ್ತು, ಆದರೆ ಸಾಗವಾನಿಯ ವಾಸನೆ ಹೋಗಿರಲಿಲ್ಲ. ಮೈದಾನದಲ್ಲಿ ತೀರ್ಪುಗಾರರು ಅದರ ಬೆನ್ನು ಸವರಿ, ಬಗ್ಗಿ ಮೂಸಿದರು. ನಾನು ಜೇಬಿನಲ್ಲಿ ಕಾರಿನ ಚಾವಿ ಮುಟ್ಟಿ ನೋಡಿಕೊಂಡೆ.

"ಇದಕ್ಕೇನ ಹಚ್ಚೀರ್ರಿ? ವಾಸನಿ ಭಾಳ ಛಲೋ ಐತಿ."

ಹಿರಿಯರು ನನ್ನ ಕಡೆ ತಿರುಗಲೇ ಇಲ್ಲ. "ಮನಿ ಔಷಧರಿ," ಎಂದರು.

ಮೂರನೆಯ ಬಹುಮಾನ ಬಂತು. ಮರಳುವ ದಾರಿಯಲ್ಲಿ ಬಹುಮಾನದ ಕಪ್ಪನ್ನು ತೊಡೆಯ ಮೇಲಿಟ್ಟು ಒರೆಸುತ್ತ ಬಂದ ಹಿರಿಯರು, ಊರು ಹತ್ತಿರವಾದಾಗ ನನ್ನ ಕಡೆ ತಿರುಗಿದರು.

"ಮೈ ಹೆಂಗ ಮಿಂಚಾಕತ್ತಿತ್ತು, ನೋಡಿದ್ರಿಲ್ಲೋ? ಆ ಪುಡಿ ಇನ್ನೊಂದೀಟ ಬೇಕಾಗಿತ್ತು."

"ಬ್ಯಾಡ್ರಿ, ಅದು ಚರ್ಮಕ್ಕ ಛಲೋ ಅಲ್ಲ."

"ನಿಮಗ ನಾಯಿ ವಿಷಯ ತಿಳಿಯಂಗಿಲ್ಲ, ಬಿಡ್ರಿ," ಎಂದು ಕಿಟಕಿಯ ಕಡೆ ಮುಖ ಮಾಡಿದರು.

ಮನೆಗೆ ಬಂದವನೇ ಪೈಪನ್ನು ಸರಿಯಾದ ಬಾಯಿಗೆ ಸಿಕ್ಕಿಸಿದೆ. ಯಾರನ್ನೂ ಕರೆಯಲಿಲ್ಲ. ಒಂದು ಕಟ್ಟಿಗೆ ಪಟ್ಟಿಯನ್ನು ಅಡ್ಡಹಲಗೆಗೆ ಒತ್ತಿ ಮೆಲ್ಲಗೆ ಸರಿಸಿದೆ. ಬ್ಲೇಡಿನಿಂದ ಎದ್ದ ಪುಡಿ ಗಾಳಿಯಲ್ಲಿ ಒಂದು ಕ್ಷಣ ಯೋಚಿಸಿದಂತೆ ನಿಂತು, ತಿರುಗಿ ಪೆಟ್ಟಿಗೆಯೊಳಗೆ ಹೋಯಿತು. ಇಷ್ಟು ವರ್ಷದ ನೌಕರಿಯಲ್ಲಿ ನನ್ನ ಮಾತು ಇಷ್ಟು ನೀಟಾಗಿ ಯಾರೂ ಕೇಳಿರಲಿಲ್ಲ. ಹೆಂಡತಿ ಬಂದು ಟೇಬಲಿನ ಮೇಲೆ ಬೆರಳಾಡಿಸಿ, ಬೆರಳು ನೋಡಿ, "ಖರೇನ ಇಲ್ಲಲ್ಲ," ಅಂದಳು. ನನ್ನ ಕಣ್ಣು ತುಂಬಿ ಬಂತು. ಧೂಳು ಇರಲಿಲ್ಲವಾದ್ದರಿಂದ ಅದರ ನೆಪವನ್ನೂ ಹೇಳುವಂತಿರಲಿಲ್ಲ.

ದಪ್ಪ ಕಟ್ಟಿಗೆ ಸರಿಸಿದರೆ ಈಗಲೂ ಅಡ್ಡಹಲಗೆಯ ಮುಂಬದಿಗೆ ಒಂದಿಷ್ಟು ಪುಡಿ ಉದುರುತ್ತದೆ. ಗೋಡೆ ಮಾತ್ರ ಹಾರುವುದಿಲ್ಲ. ವ್ಯಾಕ್ಯೂಮ್ ಕ್ಲೀನರ್ ಶೆಡ್ಡಿನಿಂದ ಮನೆಗೆ ಮರಳಿಲ್ಲ. ಹಾಗಾಗಿ ಬೆಳಿಗ್ಗೆ ಕಚೇರಿಗೆ ಹೊರಡುವ ಮುಂಚೆ ಪಡಸಾಲೆಯಿಂದ ಅಡುಗೆಮನೆಯವರೆಗೆ ನಾನೇ ಗುಡಿಸುತ್ತೇನೆ. ಹೆಂಡತಿ ಚಹಾ ಕುಡಿಯುತ್ತ, "ಮೂಲ್ಯಾಗ ಉಳೀತ ನೋಡ್ರಿ," ಅನ್ನುತ್ತಾಳೆ. ಉಳಿದಿರುತ್ತದೆ.