ಹೊಸದಾಗಿಯೇ ಉಳಿದ ಕನ್ನಡಕ

ದೇರೆಬೈಲಿನ ಏರುದಾರಿಗೆ ಇನ್ನೂ ಸರಿಯಾಗಿ ಬೆಳಕು ಬಿದ್ದಿಲ್ಲ. ಹಾಲಿನವನ ಸೈಕಲ್ಲು ಗಂಟೆ ಬಾರಿಸುತ್ತ ಇಳಿದುಹೋಗುತ್ತದೆ. ಮಳೆಗಾಲ ಮುಗಿದು ತಿಂಗಳಾಗಿದೆ, ಆಕಾಶದಲ್ಲಿ ಮೋಡದ ಚೂರೂ ಇಲ್ಲ. ಆದರೂ ಗುಣವತಿಯವರ ಕಂಕುಳಲ್ಲಿ ಗಂಡಸರ ದೊಡ್ಡ ಕರಿ ಕೊಡೆ. "ಎಂತ ಗುಣವತಿಯಕ್ಕ, ಇವತ್ತು ಮಳೆ ಉಂಟಾ?" ಎಂದು ಹಾಲಿನವನು ಕೆಣಕುತ್ತಾನೆ. ಬೇರೆ ಗುರುವಾರವಾದರೆ ಅವನಿಗೆ ತಕ್ಕ ಜವಾಬು ಕೊಟ್ಟೇ ಅವರು ಮುಂದೆ ಹೋಗುತ್ತಿದ್ದರು. ಇವತ್ತು ತಲೆ ತಗ್ಗಿಸಿ ಏರು ಹತ್ತುತ್ತಾರೆ.

ಗುಣವತಿ ಪಕ್ಕದ ಕೊಟ್ಟಾರದ ಒಂದು ಸಣ್ಣ ಕಣ್ಣಾಸ್ಪತ್ರೆಯಲ್ಲಿ ಆಯಾ. ನೆಲ ಒರೆಸುವುದು, ಬಟ್ಟೆ ಒಗೆಯುವುದು, ಬಾಗಿಲಲ್ಲಿ ನಿಂತು ಹೆಸರು ಕೂಗುವುದು ಅವರ ಕೆಲಸ. ಗುರುವಾರ ಬೆಳಿಗ್ಗೆ ಅಲ್ಲಿ ಸಕ್ಕರೆ ಕಾಯಿಲೆಯವರ ಕಣ್ಣನ್ನು ದುಡ್ಡು ತೆಗೆದುಕೊಳ್ಳದೆ ನೋಡುತ್ತಾರೆ. ಬನ್ನಿ ಎಂದು ಮನೆಮನೆಗೆ ಹೋಗಿ ಕರೆಯುವುದು, ಬಂದವರನ್ನು ಕೈಹಿಡಿದು ಮತ್ತೆ ಮನೆ ಮುಟ್ಟಿಸುವುದು ಮಾತ್ರ ಯಾರೂ ಅವರಿಗೆ ಹೇಳಿದ ಕೆಲಸವಲ್ಲ. ತಪಾಸಣೆಗೆ ಮೊದಲು ಕಣ್ಣಿನ ಪಾಪೆ ಅಗಲವಾಗಲು ಮದ್ದು ಬಿಡುತ್ತಾರೆ. ಆಮೇಲೆ ಕೆಲವು ಗಂಟೆ ಎಲ್ಲವೂ ಮಂಜು ಮಂಜು, ಬಿಸಿಲಿಗೆ ಕಣ್ಣು ಬಿಡಲಾಗುವುದಿಲ್ಲ. ಕೊಡೆ ಇರುವುದು ಅದಕ್ಕೆ.

"ಕರೆದ್ರೆ ಬರ್ತಾರಾ? ಬರೂದಿಲ್ಲ," ಎನ್ನುತ್ತಾರೆ ಗುಣವತಿ. "ನೋವಿಲ್ಲ, ಕೆಂಪಾಗ್ಲಿಲ್ಲ, ಪೇಪರು ಓದ್ಲಿಕ್ಕೆ ಆಗ್ತದೆ, ಮತ್ತೆ ಎಂತಕ್ಕೆ ಅಂತ ಕೇಳ್ತಾರೆ. ಕಾಣದ ಹಾಗೆ ಆದ ಮೇಲೆ ಓಡಿಕೊಂಡು ಬರ್ತಾರೆ. ಆಗ ಡಾಕ್ಟರಮ್ಮ ಎಂತ ಮಾಡುದು?" ಕಣ್ಣು ಕೆಟ್ಟ ಮೇಲೆ ಸೂರ್ಯನಮಸ್ಕಾರ ಎಂಬ ಗಾದೆ ಹುಟ್ಟಿದ್ದೇ ಇಂಥವರನ್ನು ನೋಡಿ ಇರಬೇಕು. ಕಾಲು ಸವೆಯುವಷ್ಟು ಮನೆ ಸುತ್ತಿದರೂ ಗುರುವಾರ ಬೆಂಚಿನ ಮೇಲೆ ಏಳೆಂಟು ಮಂದಿ. ಹೋದ ತಿಂಗಳಿಂದ ಅದೂ ಇಲ್ಲ, ಮೂರೋ ನಾಲ್ಕೋ. ಕಾರಣ ಒಂದು ಸೂಜಿ.

ತಿರುವಿನಲ್ಲಿ ಬೀಫಾತಿಮ್ಮ ಕಾಯುತ್ತಿದ್ದಾರೆ. ಮಗ ಯಾಹ್ಯಾ ಗಲ್ಫಿನಿಂದ ಖರ್ಜೂರ ಕಳಿಸುತ್ತಿರುತ್ತಾನೆ. ಗುಣವತಿ ಕರೆಯದೆಯೂ ಬರುವವರು ಅಂತ ಇದ್ದರೆ ಇವರೊಬ್ಬರೇ. ಆದರೆ ಇವರ ಲೆಕ್ಕಾಚಾರವೇ ಬೇರೆ. "ಮೂರು ದಿನದಿಂದ ಒಂದು ಖರ್ಜೂರ ಮುಟ್ಲಿಲ್ಲ," ಎಂದು ಬೀಫಾತಿಮ್ಮ ಹೆಮ್ಮೆಯಿಂದ ವರದಿ ಒಪ್ಪಿಸುತ್ತಾರೆ. "ಕಣ್ಣೊಳಗೆ ಲೈಟು ಹಾಕಿದ್ರೆ ನಾನು ಕದ್ದು ತಿಂದದ್ದೆಲ್ಲ ಡಾಕ್ಟರಮ್ಮನಿಗೆ ಗೊತ್ತಾಗ್ತದೆ ಅಲ್ವ?"

"ಬೆಳಿಗ್ಗೆ ಎಂತ ತಿಂದ್ರಿ?" ಎಂದು ಗುಣವತಿ ಕೇಳುತ್ತಾರೆ.

"ಎಂತ ಇಲ್ಲ. ಪರೀಕ್ಷೆ ಅಂದ್ರೆ ಖಾಲಿ ಹೊಟ್ಟೆ."

"ಗುಳಿಗೆ?"

"ಅದು ತಗೊಂಡೆ."

ಗುಣವತಿ ಹಣೆ ಚಚ್ಚಿಕೊಳ್ಳುತ್ತಾರೆ. ಸಕ್ಕರೆಯ ಗುಳಿಗೆ ನುಂಗಿ ಹೊಟ್ಟೆ ಖಾಲಿ ಬಿಟ್ಟವರು ಆಸ್ಪತ್ರೆಯ ಬೆಂಚಿನಿಂದಲೇ ಉರುಳಿ ಬಿದ್ದದ್ದನ್ನು ಅವರು ಕಂಡಿದ್ದಾರೆ. ಅಂಥವರಿಗಾಗಿಯೇ ಚೀಲದಲ್ಲಿ ಡಬ್ಬಿ ಇರುತ್ತದೆ. ಹಬೆಯಲ್ಲಿ ಬೇಯಿಸಿದ ಅಕ್ಕಿಯುಂಡೆ, ಪುಂಡಿ, ಎರಡನ್ನು ತೆಗೆದು, ರಸ್ತೆಬದಿಯ ಕಲ್ಲಿನ ಮೇಲೆ ಕೂರಿಸಿ, ಎದುರೇ ನಿಂತು ತಿನ್ನಿಸಿ ಹೊರಡಿಸುತ್ತಾರೆ.

ಇಬ್ಬರೂ ಹೋಗಿ ನಿಲ್ಲುವುದು ರತ್ನಾವತಿಯವರ ಗೇಟಿನ ಎದುರು. ಹಂಚಿನ ಮಾಡಿನ ದೊಡ್ಡ ಮನೆ; ಮಗ ಮೋಹನದಾಸರಿಗೆ ಪೇಟೆಯಲ್ಲಿ ಹೋಟೆಲು. ಕಳೆದ ವಾರ ಇದೇ ಗೇಟಿನಲ್ಲಿ ಮೋಹನದಾಸರು, "ಅಮ್ಮನ ಕಣ್ಣು ಹಾಳು ಮಾಡಿದ್ದು ಸಾಕು. ಇನ್ನು ಇದರ ಒಳಗೆ ಕಾಲಿಡ್ಬೇಡ," ಎಂದಿದ್ದರು. ಇವತ್ತು ರತ್ನಾವತಿಯವರ ಎರಡನೇ ತಪಾಸಣೆಯ ದಿನ. ತಪ್ಪಿಸಲೇಬಾರದು ಎಂದು ಆಸ್ಪತ್ರೆಯ ಡಾಕ್ಟರ್ ಶಶಿಪ್ರಭಾ ಒತ್ತಿ ಹೇಳಿದ್ದಾರೆ. ಅವರ ಕಣ್ಣಿನ ಹಿಂಭಾಗದಲ್ಲಿ ರಕ್ತದ ಸಣ್ಣ ಚುಕ್ಕೆಗಳಿವೆ. ಅವು ಹೆಚ್ಚಾಗಿದ್ದರೆ ತಡಮಾಡದೆ ಪರವೂರಿನ ದೊಡ್ಡ ಆಸ್ಪತ್ರೆಗೆ, ಸೋರುವ ರಕ್ತನಾಳಗಳನ್ನು ತೀಕ್ಷ್ಣ ಬೆಳಕಿನಿಂದ ಸುಡುವ ಚಿಕಿತ್ಸೆಗೆ ಕಳಿಸಬೇಕು. ನೋಡದೆ ಬಿಟ್ಟರೆ ಒಂದು ದಿನ ಹೇಳದೆ ಕೇಳದೆ ಕತ್ತಲೆ. ಇದೆಲ್ಲ ತಿಳಿದೂ ಗುಣವತಿ ಗೇಟಿನ ಹೊರಗೇ ನಿಂತಿದ್ದಾರೆ. ಚಿಲಕಕ್ಕೆ ಕೈ ಹೋಗುತ್ತದೆ, ಹಿಂದೆ ಬರುತ್ತದೆ.

ಸೂಜಿಯ ಕತೆ ಶುರುವಾದದ್ದು ಮೇ ತಿಂಗಳ ಒಂದು ಮದುವೆ ಮನೆಯಲ್ಲಿ. ಮದುಮಗಳ ರವಕೆಯ ಹುಕ್ಕು ಕಿತ್ತುಹೋಗಿ ಗಡಿಬಿಡಿ. ಅರುವತ್ತು ದಾಟಿದ ರತ್ನಾವತಿ ಕನ್ನಡಕ ಇಲ್ಲದೆ, ಮೊದಲ ಸಲಕ್ಕೇ ಸೂಜಿಗೆ ನೂಲು ಪೋಣಿಸಿ ಹೊಲಿದುಕೊಟ್ಟರು. ಹತ್ತು ವರ್ಷದಿಂದ ಕನ್ನಡಕ ಇಲ್ಲದೆ ಕ್ಯಾಲೆಂಡರಿನ ತಾರೀಕು ಕಾಣದಿದ್ದವರು! ಹೆಂಗಸರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ದೈವದ ದಯೆ ಎಂದರು ಕೆಲವರು. ದಿನಾ ತಿನ್ನುವ ಬಸಳೆ ಸೊಪ್ಪಿನ ಗುಣ ಎಂದರು ಇನ್ನು ಕೆಲವರು. ರತ್ನಾವತಿಯವರು ಉಬ್ಬಿಹೋಗಿ, ಹಳೆಯ ಕನ್ನಡಕವನ್ನು ಮರುದಿನವೇ ಮನೆಗೆಲಸದವಳಿಗೆ ಕೊಟ್ಟುಬಿಟ್ಟರು.

ಸುದ್ದಿ ಗುಣವತಿಯವರ ಮನೆಯ ಜಗಲಿಗೂ ಬಂತು. ಅಲ್ಲಿ ಕೂತಿದ್ದ ಗಂಡ ಗುರುವಪ್ಪ ಅದನ್ನು ಕೇಳಿದರು. ಸಂಜೆ ಹೆಂಡತಿ ಕೊಡೆ ಮಡಚಿಡುವ ಮೊದಲೇ, "ನಾಳೆಯೇ ರತ್ನಕ್ಕನ ಮನೆಗೆ ಹೋಗು. ಅವರಿಗೆ ಶುಗರ್ ಉಂಟಲ್ಲ? ನನಗೂ ಹೀಗೆಯೇ ಆದದ್ದು," ಎಂದರು.

ಗುರುವಪ್ಪ ಹಂಚು ಹೊದಿಸುವ ಕೆಲಸದವರು. ಮಳೆಗಾಲಕ್ಕೆ ಮೊದಲು ಅವರು ಮಾಡು ಹತ್ತಿ, ಒಡೆದ ಹಂಚು ಬದಲಿಸಿ, ಸಾಲು ಸರಿಪಡಿಸಿ ಇಳಿದರೆಂದರೆ ಆ ಮನೆಯಲ್ಲಿ ಒಂದು ಹನಿ ಸೋರುತ್ತಿರಲಿಲ್ಲ. ನಲವತ್ತು ದಾಟಿದಾಗ ಹತ್ತಿರದ್ದು ಮಸುಕಾಗಿ, ಪೇಟೆಯ ಹಂಪನಕಟ್ಟೆಗೆ ಹೋಗಿ ಕನ್ನಡಕ ಮಾಡಿಸಿದರು. ಕೆಲವೇ ವಾರಗಳಲ್ಲಿ ಅದು ಬೇಡವೇ ಬೇಡವಾಯಿತು. ಇದೇ ರತ್ನಾವತಿಯವರ ಮಾಡಿನ ಮೇಲೆ ಕೂತು, ಹಂಚಿನ ಮೇಲೆ ಒತ್ತಿದ್ದ ಕಾರ್ಖಾನೆಯ ಹೆಸರನ್ನು ಬರಿಗಣ್ಣಲ್ಲಿ ಓದಿ ಅಂಗಳಕ್ಕೆ ಕೇಳುವ ಹಾಗೆ ಕೂಗಿದರು. ರತ್ನಾವತಿ ಖುಷಿಪಟ್ಟು ಎಳನೀರು ಕೊಡಿಸಿದರು. ಮೈಯಲ್ಲಿ ಸಕ್ಕರೆ ಏರಿದಾಗ ಕಣ್ಣಿನ ಮಸೂರ ಊದಿಕೊಂಡು, ಕೆಲವರಿಗೆ ಸ್ವಲ್ಪ ಕಾಲ ಹತ್ತಿರದ್ದು ಹೀಗೆ ಚೆನ್ನಾಗಿ ಕಾಣುತ್ತದೆ ಎಂಬುದು ಮಾಡಿನ ಮೇಲಿದ್ದವರಿಗೂ ಗೊತ್ತಿರಲಿಲ್ಲ, ಅಂಗಳದಲ್ಲಿದ್ದವರಿಗೂ ಗೊತ್ತಿರಲಿಲ್ಲ.

ಮರುವರ್ಷ ಯಾರದೋ ಮಾತಿಗೆ ಗುರುವಪ್ಪ ಒಬ್ಬರೇ ಕಣ್ಣು ತೋರಿಸಲು ಹೋದರು. ಮದ್ದು ಬಿಟ್ಟು ಕಾಯಲು ಹೇಳಿದ್ದರು. ಎದುರಿನ ಗೋಡೆ ಮಂಜಾದದ್ದೇ ತಡ, ಜೀವ ಬಾಯಿಗೆ ಬಂದು ಎದ್ದು ಹೊರಟರು. ನಡು ಮಧ್ಯಾಹ್ನದ ಬಿಸಿಲಿಗೆ ಕಣ್ಣು ಕತ್ತಲೆ ಕಟ್ಟಿ ಚರಂಡಿಗೆ ಬಿದ್ದರು. ಇದ್ದ ಕಣ್ಣನ್ನೂ ತೆಗೆಯುತ್ತಾರೆ ಎಂದು ಮತ್ತೆ ಅತ್ತ ತಲೆ ಹಾಕಲಿಲ್ಲ. ಸಾವಿರದ ಒಂಬೈನೂರ ಎಪ್ಪತ್ತಾರರ ಮಳೆಗಾಲದಲ್ಲಿ ಒಂದು ಕಣ್ಣಿಗೆ, ದೀಪಾವಳಿಯ ಹೊತ್ತಿಗೆ ಇನ್ನೊಂದಕ್ಕೆ ಕತ್ತಲೆ ಇಳಿಯಿತು. ಅದಾಗಿ ಈಗ ಎಂಟು ವರ್ಷ. ಗುಣವತಿ ಆಸ್ಪತ್ರೆಗೆ ಸೇರಿದ್ದು ಆಮೇಲೆ. ಕೊಡೆಯೂ ಗುರುವಪ್ಪನವರದೇ.

ಮದುವೆಯ ಸುದ್ದಿ ಕೇಳಿದ ಮರುದಿನವೇ ಗುಣವತಿ ರತ್ನಾವತಿಯವರ ಜಗಲಿಯಲ್ಲಿದ್ದರು. ರತ್ನಾವತಿ ಮಾತಿಗೆ ಮೊದಲು ಸೂಜಿ ನೂಲು ತಂದು ಪೋಣಿಸಿ ತೋರಿಸಿದರು. "ನೋಡು ಮಾರಾಯ್ತಿ, ನಿನ್ನದಕ್ಕಿಂತ ನನ್ನ ಕಣ್ಣು ಚುರುಕು."

"ನಮ್ಮವರು ನಿಮ್ಮ ಮಾಡಿನ ಮೇಲೆ ಕೂತು ಹಂಚಿನ ಅಕ್ಷರ ಓದಿದ್ದು ನೆನಪುಂಟಾ, ರತ್ನಕ್ಕ?" ಎಂದು ಗುಣವತಿ ಕೇಳಿದರು.

ರತ್ನಾವತಿಯವರ ಕೈಯಲ್ಲಿದ್ದ ಸೂಜಿ ಹಾಗೆಯೇ ನಿಂತಿತು. ಎಳನೀರು ಕೊಟ್ಟದ್ದು ನೆನಪಾಗಿರಬೇಕು. ಒಂದೆರಡು ವಾರ ಹಿಂದೆ ಮುಂದೆ ನೋಡಿ, ಕಡೆಗೆ ಜೂನ್ ತಿಂಗಳ ಒಂದು ಗುರುವಾರ ಬಂದೇ ಬಂದರು. ಚುಕ್ಕೆಗಳು ಕಂಡದ್ದು ಆಗ. ಸಕ್ಕರೆ ಮುಗಿಲು ಮುಟ್ಟಿತ್ತು. ನೆನಪಾದಾಗ ನುಂಗುತ್ತಿದ್ದ ಗುಳಿಗೆ ದಿನನಿತ್ಯದ್ದಾಯಿತು, ಅನ್ನ ಅಳತೆಗೆ ಬಂತು. ಮಳೆಗಾಲ ಮುಗಿಯುವ ಹೊತ್ತಿಗೆ ಸಕ್ಕರೆ ಇಳಿಯಿತು, ಅದರ ಹಿಂದೆಯೇ ಕಣ್ಣಿನ ಊತವೂ ಇಳಿಯಿತು. ಅಲ್ಲಿಗೆ ರತ್ನಾವತಿಯವರಿಗೆ ಸೂಜಿಯ ಕಣ್ಣು ಕಾಣದಾಯಿತು!

ಉಪಕಾರಕ್ಕೆ ಹೋಗಿ ಅಪವಾದ ಹೊತ್ತುಕೊಳ್ಳುವುದು ಅಂದರೆ ಇದು. ಆಸ್ಪತ್ರೆಗೆ ಹೋಗುವ ಮೊದಲು ನೂಲು ಪೋಣಿಸುತ್ತಿದ್ದವರಿಗೆ ಹೋಗಿ ಬಂದ ಮೇಲೆ ಕನ್ನಡಕ ಬೇಕಾಯಿತು ಎಂದರೆ ಯಾರು ತಾನೇ ಏನು ತಿಳಿಯಬೇಕು? ದೇರೆಬೈಲಿನ ಹೆಂಗಸರು ಗುಣವತಿಯವರನ್ನು ದೂರದಿಂದ ಕಂಡೇ ಬಾಗಿಲು ಎಳೆದುಕೊಳ್ಳತೊಡಗಿದರು. ರತ್ನಾವತಿ ಹೊಸ ಕನ್ನಡಕ ಮಾಡಿಸಲೂ ಒಪ್ಪಲಿಲ್ಲ. ಡಾಕ್ಟರು ಮೋಹನದಾಸರಿಗೆ ಬಿಡಿಸಿ ಹೇಳಿದರೂ ಅವರ ಕಿವಿಗೆ ಅದು ಹೋಗಲಿಲ್ಲ.

"ಕನ್ನಡಕ ಬೇಕಾದದ್ದು ಒಳ್ಳೆಯ ಲಕ್ಷಣ ಅಂದ್ರೆ ಯಾರು ನಂಬ್ತಾರೆ?" ಎನ್ನುತ್ತಾರೆ ಗುಣವತಿ. "ಬೇರೆಯವರನ್ನು ಬಿಡಿ, ಒಮ್ಮೊಮ್ಮೆ ನನಗೇ ಹೆದರಿಕೆ ಆಗ್ತದೆ. ಡಾಕ್ಟರಮ್ಮ ಹೇಳಿದ್ದು ತಪ್ಪಾದ್ರೆ? ಕೈಹಿಡಿದು ಕರ್ಕೊಂಡು ಹೋದದ್ದು ನಾನಲ್ವ?"

ಗೇಟಿನ ಹೊರಗೆ ಈಗ ಸಾಕಷ್ಟು ಬೆಳಕಾಗಿದೆ. ಬೀಫಾತಿಮ್ಮನವರ ತಾಳ್ಮೆ ಮುಗಿಯುತ್ತದೆ. "ಒಳಗೆ ಬರ್ಬೇಡ ಅಂತ ಹೇಳಿದ್ದು ನಿನಗೆ. ನನಗೆ ಯಾರೂ ಹೇಳ್ಲಿಲ್ಲ," ಎಂದು ಚಿಲಕ ತೆಗೆದು, ಅಂಗಳದ ನಡುವೆ ನಿಂತು, "ರತ್ನಕ್ಕಾ!" ಎಂದು ಕೂಗುತ್ತಾರೆ. ಗುಣವತಿ ಕೊಡೆಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ. ಮಗ ಎದ್ದು ಬಂದರೆ ಏನು ಗತಿ?

ಬರುವುದು ರತ್ನಾವತಿಯವರೇ. ಕೈಯಲ್ಲಿ ಸೂಜಿ ಮತ್ತು ನೂಲು. ನೂಲಿನ ತುದಿ ಎಂಜಲು ಹಚ್ಚಿ ಹಚ್ಚಿ ಕುಂಚವಾಗಿದೆ; ಎದ್ದಾಗಿನಿಂದ ಪ್ರಯತ್ನಿಸುತ್ತಿದ್ದಾರೆಂದು ಕಾಣುತ್ತದೆ. ಸೀದಾ ಗೇಟಿಗೆ ಬಂದು ಅದನ್ನು ಗುಣವತಿಯವರ ಮುಖದ ಮುಂದೆ ಹಿಡಿಯುತ್ತಾರೆ. "ಮೊದಲ ಸಲ ಕರ್ಕೊಂಡು ಹೋಗಿ ಇದನ್ನು ತೆಗ್ದಿ. ಈಗ ಎಂತ ತೆಗೀಲಿಕ್ಕೆ ಬಂದದ್ದು ನೀನು?" ಸ್ವರದಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚು.

ಗುಣವತಿ ಚೀಲದಿಂದ ಒಂದು ಕನ್ನಡಕದ ಡಬ್ಬಿ ತೆಗೆಯುತ್ತಾರೆ. "ಇದು ನಮ್ಮವರದ್ದು, ರತ್ನಕ್ಕ. ನೋಡಿ, ಒಂದು ಗೀರು ಇಲ್ಲ, ಹೊಸತು ಹಾಗೆಯೇ ಉಂಟು. ಅವರಿಗೆ ಇದು ಪುನಃ ಬೇಕಾಗ್ಲೇ ಇಲ್ಲ. ಹಂಚಿನ ಅಕ್ಷರ ಓದಿದವರು ಸೀದಾ ಕತ್ತಲೆಗೆ ಹೋದ್ರು. ನಿಮಗೆ ಪುನಃ ಕನ್ನಡಕ ಬೇಕಾಯ್ತಲ್ಲ, ಆ ದಿನ ನಾನು ದೇವರಿಗೆ ಕೈಮುಗಿದೆ."

ರತ್ನಾವತಿ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ. ಆಮೇಲೆ ಕನ್ನಡಕ ತೆಗೆದು ಮೂಗಿಗೆ ಏರಿಸುತ್ತಾರೆ. ಗಂಡಸರ ಅಗಲ ಚೌಕಟ್ಟು, ಜಾರುತ್ತದೆ. ಬೀಫಾತಿಮ್ಮ ಪಕ್ಕದಿಂದ ಹಿಡಿದುಕೊಳ್ಳುತ್ತಾರೆ. ಮೊದಲ ಸಲ ನೂಲು ತಪ್ಪುತ್ತದೆ. ಎರಡನೇ ಸಲ ಒಳಗೆ ಹೋಗುತ್ತದೆ. ಪೋಣಿಸಿದ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ರತ್ನಾವತಿ, "ಚಪ್ಪಲಿ ಹಾಕ್ಕೊಂಡು ಬರ್ತೇನೆ. ಮೋಹನ ಏಳುವ ಮೊದಲು ಹೋಗುವ," ಎನ್ನುತ್ತಾರೆ.

ಆಸ್ಪತ್ರೆಯ ಕತ್ತಲೆ ಕೋಣೆಯ ಬಾಗಿಲು ಮುಚ್ಚಿಕೊಂಡ ಮೇಲೆ ಗುಣವತಿಗೆ ಕೂತಲ್ಲಿ ಕೂರಲಾಗುವುದಿಲ್ಲ. ಒರೆಸಿದ ನೆಲವನ್ನೇ ಮತ್ತೆ ಒರೆಸುತ್ತಾರೆ. ಒಳಗಿಂದ ಡಾಕ್ಟರ ಸ್ವರ ಕೇಳುವುದಿಲ್ಲ. ಡಾಕ್ಟರು ಮಾತಾಡದೆ ನೋಡುವುದು ಒಳ್ಳೆಯದಲ್ಲ ಎಂದು ಅವರ ನಂಬಿಕೆ. ಬಾಗಿಲು ತೆರೆದಾಗ ಬಟ್ಟೆ ಕೈಯಲ್ಲೇ ಇದೆ. "ಚುಕ್ಕೆಗಳು ಹೆಚ್ಚಾಗಿಲ್ಲ, ಗುಣವತಿ," ಎನ್ನುತ್ತಾರೆ ಡಾಕ್ಟರ್ ಶಶಿಪ್ರಭಾ. "ಪೂರ್ತಿ ಹೋಗಿಯೂ ಇಲ್ಲ. ಮಾರ್ಚಿಗೆ ತಪ್ಪದೆ ಕರ್ಕೊಂಡು ಬನ್ನಿ." ಗುಣವತಿ ತಲೆಯಾಡಿಸಿ, ಗೋಡೆಗೆ ತಿರುಗಿ ಕಣ್ಣೊರೆಸಿಕೊಳ್ಳುತ್ತಾರೆ. ಮಾರ್ಚಿನ ಹೆದರಿಕೆ ಮಾರ್ಚಿಗಿರಲಿ.

ಮರಳುವಾಗ ಬಿಸಿಲು ಸುಡುತ್ತಿದೆ. ಒಂದು ಕೊಡೆಯ ಕೆಳಗೆ ಮೂವರು. ಮದ್ದು ಬಿಟ್ಟ ಕಣ್ಣಿನ ಇಬ್ಬರೂ ಗುಣವತಿಯವರ ಒಂದೊಂದು ತೋಳು ಹಿಡಿದಿದ್ದಾರೆ. ಗೇಟಿನಲ್ಲಿ ಮೋಹನದಾಸರು ಮುಖ ಗಂಟಿಕ್ಕಿ ನಿಂತಿದ್ದಾರೆ. ಅವರು ಬಾಯಿ ತೆರೆಯುವ ಮೊದಲೇ ತಾಯಿ, "ಸುಮ್ನಿರು. ನಾಳೆ ನನ್ನನ್ನು ಕನ್ನಡಕದ ಅಂಗಡಿಗೆ ಕರ್ಕೊಂಡು ಹೋಗು," ಎನ್ನುತ್ತಾರೆ. ಮೋಹನದಾಸರು ಗೇಟನ್ನು ಪೂರ್ತಿಯಾಗಿ ತೆರೆದು ಬದಿಗೆ ಸರಿಯುತ್ತಾರೆ.

ನಿಮಗೇನು ಬೇಕು ಎಂದು ಕೇಳಿದರೆ ಗುಣವತಿ ಸಂಕೋಚಪಡುತ್ತಾರೆ. "ನನಗೆ ಎಂತ ಬೇಕು? ಗುರುವಾರ ಬೆಂಚು ತುಂಬಬೇಕು. ನೆಲದಲ್ಲಿ ಕೂರ್ಲಿಕ್ಕೂ ಜಾಗ ಸಿಗಬಾರದು. ಮತ್ತೆ ನೆಲ ಒರೆಸುದು ಹೇಗೆ ಅಂತ ಡಾಕ್ಟರಮ್ಮ ಬೈದ್ರೂ ಅಡ್ಡಿಲ್ಲ."

ಸಂಜೆ ಜಗಲಿಯಲ್ಲಿ ಗುರುವಪ್ಪ ಹೆಜ್ಜೆಯ ಸದ್ದಿಗೇ ತಲೆಯೆತ್ತುತ್ತಾರೆ. "ರತ್ನಕ್ಕ?"

"ಬಂದ್ರು. ಹೆಚ್ಚಾಗ್ಲಿಲ್ಲ ಅಂತೆ. ನಿಮ್ಮ ಕನ್ನಡಕ ಹಾಕಿ ಸೂಜಿಗೆ ನೂಲು ಪೋಣಿಸಿದ್ರು."

ಗುರುವಪ್ಪ ಕೈ ಚಾಚಿ ಡಬ್ಬಿ ಇಸಿದುಕೊಳ್ಳುತ್ತಾರೆ. ಕನ್ನಡಕ ತೆಗೆದು, ಗಾಜಿನ ಮೇಲೆ ಮೆಲ್ಲಗೆ ಬೆರಳಾಡಿಸುತ್ತಾರೆ. ಯಾರದೋ ಬೆವರು ತಾಗಿ ಅದು ಸ್ವಲ್ಪ ಅಂಟಂಟಾಗಿದೆ. ಎಂಟು ವರ್ಷದಲ್ಲಿ ಅದಕ್ಕೆ ಹತ್ತಿದ ಮೊದಲ ಕೊಳೆ. ಅವರು ಅದನ್ನು ಹೆಂಡತಿಯ ಕಡೆಗೆ ಚಾಚುತ್ತಾರೆ.

"ಒರೆಸಿ ಚೀಲದಲ್ಲೇ ಇಟ್ಕೊ, ಮಾರಾಯ್ತಿ. ಮುಂದಿನ ಗುರುವಾರವೂ ಬೇಕಾದೀತು."