ಕಂಪ್ಯೂಟರಿನೊಳಗೆ ಮಾವ ಎಳೆದ ಪೈಪ್‌ಲೈನು

ಮಾವ ಕಿವಿಯ ಮಿಷನ್ ಎರಡನ್ನೂ ತೆಗೆದು ಡಬ್ಬಿಯಲ್ಲಿಟ್ಟು ಟಪ್ಪನೆ ಮುಚ್ಚಿದರೆ ನಮ್ಮ ಮನೆಯಲ್ಲಿ ಆ ದಿನದ ಮಾತು ಮುಗಿಯಿತು ಎಂದೇ ಅರ್ಥ. ಮೊದಮೊದಲು ಮಲಗುವಾಗ ಮಾತ್ರ ಮುಚ್ಚುತ್ತಿದ್ದ ಡಬ್ಬಿ, ಬರಬರುತ್ತಾ ಮಧ್ಯಾಹ್ನದ ಊಟಕ್ಕೆ, ಆಮೇಲೆ ಬೆಳಗ್ಗೆ ಹತ್ತಕ್ಕೇ ಮುಚ್ಚತೊಡಗಿತು. ಕಾರಣ ನನ್ನ ಕಂಪ್ಯೂಟರು.

ನಾನು ತುಮಕೂರಿನಲ್ಲಿ ಮನೆ ಕಟ್ಟುವವರಿಗೆ ಪ್ಲಾನ್ ಬರೆದು ಕೊಡುವವಳು. ಕಟ್ಟಿದ ಮೇಲೆ ಮನೆ ಹೇಗೆ ಕಾಣುತ್ತದೆಂದು ಬಣ್ಣದ ಚಿತ್ರ ಮಾಡಿ ತೋರಿಸಬೇಕು. ಅದಕ್ಕೆ ಗಟ್ಟಿ ಕಂಪ್ಯೂಟರು ಬೇಕು. ಸಂಜೆಯಾದರೆ ಅದೇ ಕಂಪ್ಯೂಟರಿನಲ್ಲಿ ಆಟ. ನಲವತ್ತನಾಲ್ಕು ವರ್ಷದ ಹೆಂಗಸು ಕಾಫಿ ಕುಡಿದು, ಲೋಟ ತೊಳೆದಿಟ್ಟು, ಹೆಡ್‌ಫೋನ್ ಹಾಕಿಕೊಂಡು ಬೆಂಕಿ ಉಗುಳುವ ಪ್ರಾಣಿಗಳ ಬೇಟೆಗೆ ಹೊರಡುತ್ತಾಳೆ ಅಂದರೆ ಎದುರುಮನೆಯವರಿಗೆ ಈಗಲೂ ನಗು. ನಗಲಿ ಬಿಡಿ. ತೊಂದರೆ ಇದ್ದದ್ದು ಅದರ ಫ್ಯಾನುಗಳಲ್ಲಿ. ಭಾರದ ಕೆಲಸ ಬಿದ್ದರೆ ಸಾಕು, ರಾಗಿ ಮಿಲ್ಲಿನ ಹಾಗೆ ಭೋರಿಡುತ್ತಿದ್ದವು. ಕಿವಿಯ ಮಿಷನ್ನಿಗೆ ಮನುಷ್ಯರ ಮಾತೂ ಒಂದೇ, ಫ್ಯಾನಿನ ಗಾಳಿಯೂ ಒಂದೇ. ಎರಡನ್ನೂ ದೊಡ್ಡದು ಮಾಡಿ ಕಿವಿಯೊಳಗೆ ಸುರಿಯುತ್ತದೆ. ನಮ್ಮದು ಒಂದು ಹಾಲ್, ಒಂದು ರೂಮಿನ ಮನೆ. ಪಾಪ, ಅವರಾದರೂ ಎಲ್ಲಿಗೆ ಹೋಗಬೇಕು?

ಮಾವ ಎಂದರೆ ಅಮ್ಮನ ಅಣ್ಣ. ಅಮ್ಮ ಬೇಗ ಹೋದಳು. ನಾನು ಬೆಳೆದದ್ದು ಗುಬ್ಬಿಯ ಹತ್ತಿರ ಇವರ ಮನೆಯಲ್ಲಿ. ತೆಂಗಿನ ತೋಟಗಳಿಗೆ ಪೈಪ್‌ಲೈನ್ ಎಳೆಯುವುದು ಇವರ ಕಸುಬು. ಹಾಗಲವಾಡಿ ಕಡೆಯ ಎಷ್ಟೋ ತೋಟಗಳಲ್ಲಿ ಈಗಲೂ ನೆಲದಡಿ ನೀರು ಹರಿಯುವುದು ಇವರು ಹಾಕಿದ ಲೈನಿನಲ್ಲೇ. ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ನನ್ನನ್ನು ಕೂರಿಸಿಕೊಂಡು ಹೋಗುವಾಗ ದಾರಿಯುದ್ದಕ್ಕೂ ಮಾತು. ಯಾರ ಬಾವಿ ಎಷ್ಟು ಮಟ್ಟು ಆಳ, ಯಾವ ಗೌಡರ ಎಮ್ಮೆ ಯಾವ ಹಳ್ಳಕ್ಕೆ ಬಿತ್ತು, ಎತ್ತುವಾಗ ಯಾರ ಪಂಚೆ ಹರಿಯಿತು. ನನ್ನ ಬಾಯಲ್ಲಿ ಬರುವ ಮಾತಿನಲ್ಲಿ ಅರ್ಧ ಅವರದು. ಉಳಿದರ್ಧ ಅತ್ತೆಯದು. ಅತ್ತೆ ತೀರಿಕೊಂಡ ಮೇಲೆ ಅವರನ್ನು ತುಮಕೂರಿಗೆ ಕರೆತಂದೆ. ನಾಲ್ಕು ವರ್ಷ ಮನೆ ತುಂಬಾ ಮಾತಿತ್ತು.

ಒಂದು ಬೆಳಗ್ಗೆ ಉಪ್ಪಿಟ್ಟು ತಿನ್ನುತ್ತಾ ಹೇಳಿದರು: "ನಾನು ಕುಣಿಗಲ್‌ಗೆ ಹೋಯ್ತೀನಿ ಕಣ್ ಮಗಾ. ನಿಮ್ ಚಿಕ್ಕಮ್ಮ ಕರೀತಾನೇ ಅವ್ಳೆ."

ಚಿಕ್ಕಮ್ಮ ಅವರ ಕೊನೆಯ ತಂಗಿ. ಕುಣಿಗಲ್ಲಿನಲ್ಲಿ ದೊಡ್ಡ ಮನೆ, ಹಿತ್ತಲು, ಮಾರ್ಕೋನಹಳ್ಳಿ ಡ್ಯಾಮಿನ ನೀರು ಹರಿಯುವ ಗದ್ದೆ.

"ಎಷ್ಟ್ ದಿನಕ್ಕೆ ಮಾವ?"

"ದಿನ ಏನು ಬಂತು, ಇದ್ದಷ್ಟ್ ದಿನ."

"ಈ ಸದ್ದಿಗಾ? ಸಂಜೆ ಹೊತ್ತು ನಾನು ಆಟ ಆಡಲ್ಲ ಬಿಡಿ."

"ನೀನು ಆಟ ಬುಟ್ಟು ಮುಖ ಊದಿಸ್ಕೊಂಡು ಕೂತಿದ್ರೆ ನಾನು ನೋಡ್ಬೇಕಾ? ಬುಡು ಬುಡು. ನಿನ್ ಕೆಲ್ಸಾನೂ ಅದ್ರಲ್ಲೇ ಅದೆ. ನನ್ ಕಿವಿ ದೆಸೆಯಿಂದ ನಿನ್ ಮನೆ ನಡೆಯೋದು ನಿಲ್ಬಾರ್ದು."

ಆ ವಾರವೆಲ್ಲ ನಾನು ಓದಿದ್ದು ನೀರಿನಿಂದ ತಣಿಸುವ ಕಂಪ್ಯೂಟರಿನ ವಿಷಯ. ಬುಡದಲ್ಲಿ ಅದು ತೋಟದ ಲೆಕ್ಕವೇ. ಒಳಗಿನ ಚಿಪ್ ಕಾದು ಬಿಸಿಯಾಗುತ್ತದೆ. ಅದರ ಮೇಲೆ ಒಂದು ತಾಮ್ರದ ಬಿಲ್ಲೆ ಕೂರಿಸಿ, ಪುಟ್ಟ ಮೋಟಾರಿನಿಂದ ಅದರೊಳಗೆ ನೀರು ಹಾಯಿಸುತ್ತಾರೆ. ನೀರು ಕಾವು ಹೊತ್ತುಕೊಂಡು ರೇಡಿಯೇಟರಿಗೆ ಹೋಗಿ, ತಣಿದು, ಮತ್ತೆ ಬರುತ್ತದೆ. ಫ್ಯಾನುಗಳು ಇರುತ್ತವೆ, ಆದರೆ ಅವುಗಳಿಗೆ ಧಾವಂತವಿಲ್ಲ. ಬೀಸಣಿಗೆಯ ಹಾಗೆ ಮೆಲ್ಲಗೆ ಬೀಸುತ್ತವೆ. ಸದ್ದೇ ಇಲ್ಲ.

ಪ್ಲಾನ್ ಬರೆಯುವ ದೊಡ್ಡ ಹಾಳೆಯ ಮೇಲೆ ಇದನ್ನೆಲ್ಲ ಬರೆದು ಊಟದ ಮೇಜಿನ ಮೇಲೆ ಹರಡಿದ್ದೆ. ಮಾವ ನೀರು ಕುಡಿಯಲು ಬಂದವರು ನಿಂತರು. ಕನ್ನಡಕ ಹಾಕಿಕೊಂಡರು. ಆಮೇಲೆ, ಯಾರೂ ಕೇಳದಿದ್ದರೂ, ಡಬ್ಬಿ ತೆಗೆದು ಮಿಷನ್‌ಗಳನ್ನು ಕಿವಿಗೆ ಸಿಕ್ಕಿಸಿಕೊಂಡರು.

"ಇದ್ಯಾರ್ ತೋಟ?"

"ತೋಟ ಅಲ್ಲ ಮಾವ, ಕಂಪ್ಯೂಟರು."

"ತಮಾಷೆ ಮಾಡ್ಬೇಡ. ಮೋಟಾರ್ ಅದೆ, ಟ್ಯಾಂಕ್ ಅದೆ, ಲೈನ್ ಅದೆ." ಪೆನ್ಸಿಲ್ ಕಿತ್ತುಕೊಂಡರು. "ಟ್ಯಾಂಕ್ ಕೆಳಗಿಟ್ಟು ಮೋಟಾರ್ ಮೇಲಿಟ್ಟಿದ್ದೀಯಲ್ಲಾ, ನಿಂಗೆ ಬುದ್ಧಿ ಐತಾ? ಮೋಟಾರ್ ಒಣಗಿ ಓಡಿದ್ರೆ ಸುಟ್ಟೋಯ್ತದೆ. ನೀರು ತಾನಾಗೇ ಇಳ್ದು ಮೋಟಾರ್ ಬಾಯಿಗೆ ಬೀಳ್ಬೇಕು. ಇಷ್ಟ್ ಜಾಗಕ್ಕೆ ಇಷ್ಟೊಂದ್ ಬೆಂಡ್ ಬೇರೆ!"

ಆಮೇಲೆ ಹುಡುಕಿ ನೋಡಿದರೆ ಇಂಟರ್‌ನೆಟ್ಟಿನ ಪಂಡಿತರೂ ಅದನ್ನೇ ಹೇಳಿದ್ದರು. ಮಾವನ ಹತ್ತಿರ ಹೇಳಲಿಲ್ಲ. ಅವರಿಗೆ ಸಾಕ್ಷಿ ಬೇಕಿರಲಿಲ್ಲ.

"ನೀವು ನಿಂತು ಮಾಡ್ಸಿಕೊಡಿ ಮಾವ," ಎಂದೆ.

ಪೆನ್ಸಿಲ್ ಕೆಳಗಿಟ್ಟರು. "ಈ ಲೈನ್ ಮುಗ್ಯೋವರ್ಗೂ ಇರ್ತೀನಿ. ಆಮೇಲೆ ತಡೀಬಾರ್ದು."

ಒಪ್ಪಿದೆ. ಸದ್ದಿಲ್ಲದ ಕಂಪ್ಯೂಟರು ಬಂದರೆ ಅವರಿಗೆ ಹೋಗಲು ಕಾರಣವೇ ಉಳಿಯುವುದಿಲ್ಲ ಎಂಬುದು ನನ್ನ ಲೆಕ್ಕ.

ಸಾಮಾನು ಕೊರಿಯರಿನಲ್ಲಿ ಒಂದೊಂದಾಗಿ ಬಂದವು. ಮೇಜಿನ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ ಜೋಡಿಸಿಟ್ಟರೆ ಮಾವ ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿದು ನೋಡುವರು. ಕಡಲೆಕಾಳಿನಷ್ಟು ರಬ್ಬರ್ ವಾಶರ್ ಕಂಡು, "ಇದು ಯಾವ ಇರುವೆ ತೋಟಕ್ಕೋ," ಎಂದು ನಕ್ಕರು.

ಪೈಪು ಗಾಜಿನ ಹಾಗೆ ಕಾಣುವ ಪ್ಲಾಸ್ಟಿಕ್ಕು. ಬಿಸಿಗಾಳಿಯ ಗನ್ನಿನಿಂದ ಕಾಯಿಸಿ ಬಗ್ಗಿಸಬೇಕು. ನಾನು ಬಗ್ಗಿಸಿದ ಮೊದಲ ನಾಲ್ಕೂ ಹಿಂಡಿದ ಹೀರೇಕಾಯಿಯಂತಾದವು.

"ಒಳಗೆ ಮರಳು ತುಂಬ್ಸಿದ್ಯಾ?" ಎಂದರು. ಅವರ ಕಾಲದಲ್ಲಿ ಪಿವಿಸಿ ಪೈಪಿಗೆ ಮರಳು ತುಂಬಿ, ತೆಂಗಿನ ಗರಿಯ ಬೆಂಕಿಯಲ್ಲಿ ಕಾಯಿಸಿ ಬಗ್ಗಿಸುತ್ತಿದ್ದರಂತೆ.

"ಮರಳಿನ ಬದಲು ಈ ರಬ್ಬರ್ ಹಗ್ಗ ಇದೆ ಮಾವ. ತೂರಿಸಿದ್ದೀನಿ."

"ಹಂಗಾದ್ರೆ ನಿನ್ ಕೈಯಲ್ಲೇ ಆತುರ. ಸರಿ ಆಚೆಗೆ."

ಅಡುಗೆಮನೆಯಿಂದ ರುಬ್ಬುವ ಗುಂಡು ಉರುಳಿಸಿಕೊಂಡು ಬಂದರು. ಪೈಪನ್ನು ಹಪ್ಪಳ ಸುಡುವ ಹಾಗೆ ತಿರುಗಿಸುತ್ತಾ ಕಾಯಿಸಿದರು. ಮೆತ್ತಗಾದ ಕ್ಷಣಕ್ಕೆ ಗುಂಡಿನ ಮೈಗೆ ಸುತ್ತಿ, ಒದ್ದೆ ಬಟ್ಟೆ ಒತ್ತಿದರು. ಎತ್ತಿದಾಗ ಎಳೆ ಮಗುವಿನ ಮೊಣಕೈಯ ಹಾಗೆ ನುಣುಪಾದ ತಿರುವು. ಇಂಟರ್‌ನೆಟ್ಟಿನ ಚಿತ್ರಗಳಲ್ಲಿರುವಂತೆ ನೇರ ಮೂಲೆಯಲ್ಲ.

"ನೀರು ಮೂಲೆಗೆ ಬಡ್ಕೋಬಾರ್ದು ಕಣ್ ಮಗಾ. ಜಾರ್ಕೊಂಡ್ ಹೋಗ್ಬೇಕು."

ನಡುವೆ ಕುಣಿಗಲ್ಲಿನಿಂದ ಫೋನು. ಸ್ಪೀಕರ್ ಹಾಕಿದೆ.

"ಏನಣ್ಣಾ, ನಾನು ರೂಮ್ ತೊಳ್ಸಿ ಮಂಚ ಹಾಕ್ಸಿ ಕಾಯ್ತಾ ಇದೀನಿ. ಬರ್ತೀಯೋ, ಮಂಚದ್ ಮೇಲೆ ನಾಯಿ ಮಲಗ್ಸಲೋ?"

"ಎರಡು ಬೆಂಡ್ ಬಾಕಿ ಅದೆ ಕಣೇ. ಇಡು," ಎಂದು ಮಾವ ನನ್ನತ್ತ ನೋಡದೆ ಪೈಪಿನತ್ತ ತಿರುಗಿದರು.

ಎರಡು ಬೆಂಡೂ ಮುಗಿದವು. ಬ್ಯಾಟರಿ ಅಂಗಡಿಯಿಂದ ಭಟ್ಟಿ ಇಳಿಸಿದ ಶುದ್ಧ ನೀರಿನ ಕ್ಯಾನು ತಂದೆ. ಜಾಯಿಂಟುಗಳ ಕೆಳಗೆಲ್ಲ ಬಿಳಿ ಟಿಶ್ಯೂ ಇಟ್ಟು, ಮೋಟಾರೊಂದಕ್ಕೇ ಕರೆಂಟ್ ಕೊಟ್ಟು ಒಂದು ದಿನ ಓಡಿಸಿ ನೋಡಬೇಕು. ಟಿಶ್ಯೂ ಒದ್ದೆಯಾದರೆ ಸೋರಿಕೆ ಇದೆ ಎಂದು ಲೆಕ್ಕ. ಅಷ್ಟನ್ನು ಮಾವನಿಗೆ ಒಪ್ಪಿಸಿ, ಬೆಳ್ಳಾವಿಯಲ್ಲಿ ಒಂದು ಸೈಟು ಅಳೆಯಲು ಹೋದೆ.

ಮಧ್ಯಾಹ್ನ ಬಂದರೆ ಮನೆ ತುಂಬಾ ಊದುಬತ್ತಿಯ ವಾಸನೆ. ಹೊಸಿಲ ಬಳಿ ತೆಂಗಿನಕಾಯಿ ಒಡೆದಿತ್ತು. ಕಂಪ್ಯೂಟರ್ ಕ್ಯಾಬಿನೆಟ್ಟಿನ ನೆತ್ತಿಯ ಮೇಲೆ ಒಂದು ಕೆಂಪು ದಾಸವಾಳ. ಹೊಸ ಲೈನಿಗೆ ಮೊದಲ ನೀರು ಬಿಡುವ ದಿನ ಗಂಗಮ್ಮನ ಪೂಜೆ ಮಾಡದೆ ಮಾವ ಯಾವ ತೋಟದಿಂದಲೂ ಎದ್ದು ಬಂದವರಲ್ಲ. ಒಗೆದ ಪಂಚೆ ಉಟ್ಟು ಕುರ್ಚಿಯಲ್ಲಿ ಕೂತಿದ್ದರು.

"ಒಂದ್ ತೊಟ್ಟೂ ಸೋರಿಲ್ಲ. ಕಾಯಿ ತಗೋ."

ಟಿಶ್ಯೂಗಳೆಲ್ಲ ಒಣಗಿಕೊಂಡೇ ಇದ್ದವು. ನೀರು ಒಂಚೂರು ಬಣ್ಣಕ್ಕಿದೆಯೇನೋ ಅನ್ನಿಸಿತು. ದಾಸವಾಳದ ನೆರಳಿರಬೇಕು ಎಂದುಕೊಂಡು ಕಾಯಿ ಚೂರು ಬಾಯಿಗೆ ಹಾಕಿಕೊಂಡೆ.

ಮಾರನೆಯ ದಿನ ಎಲ್ಲ ತಂತಿ ಕೊಟ್ಟು ಗುಂಡಿ ಒತ್ತಿದೆ. ಪರದೆ ಬೆಳಗಿತು. ಮಾವ ಕಿವಿ ಮುಂದೆ ಮಾಡಿ ಕಾದರು.

"ಯಾವಾಗ ಆನ್ ಮಾಡ್ತೀಯೆ?"

"ಆನ್ ಆಗಿದೆ ಮಾವ."

ಹತ್ತಿರ ಬಂದು ಕ್ಯಾಬಿನೆಟ್ಟಿನ ಗಾಜಿಗೆ ಕೈಯಿಟ್ಟರು. ಪೈಪಿನಲ್ಲಿ ಒಂದೊಂದು ಗುಳ್ಳೆ ಓಡುತ್ತಿತ್ತು. "ಗಾಳಿ ಸಿಕ್ಕೊಂಡದೆ," ಎಂದು ಪೆಟ್ಟಿಗೆಯನ್ನು ಒಂದು ಪಕ್ಕಕ್ಕೆ ಓರೆ ಮಾಡಿಸಿ ಹಿಡಿಸಿದರು. ಗುಳ್ಳೆಗಳು ಟ್ಯಾಂಕಿಗೆ ಹತ್ತಿ ಒಡೆದುಹೋದವು.

ಮೂರು ದಿನ ನಮ್ಮ ಮನೆಯಲ್ಲಿ ಹಬ್ಬ. ನಾನು ಪ್ಲಾನ್ ಬರೆಯುತ್ತಿದ್ದರೆ ಹಿಂದೆ ಕೂತು ಹರಟೆ. ಆಟ ಆಡುತ್ತಿದ್ದರೆ, "ಆ ಪ್ರಾಣಿ ಯಾರ್ದು? ಅದರ ಪಾಡಿಗೆ ಬೆಟ್ಟದಲ್ಲಿತ್ತಲ್ಲ, ನೀನ್ಯಾಕ್ ಹೋಗಿ ಕೆಣಕ್ದೆ?" ಎಂದು ಅದರ ಪರ ವಕಾಲತ್ತು. ಕುಣಿಗಲ್ಲಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನಾಲ್ಕನೆಯ ದಿನ ಪರದೆಯ ಮೂಲೆಯಲ್ಲಿ ಕಾವಿನ ಅಂಕಿ ಏರತೊಡಗಿತು. ಅರವತ್ತರಲ್ಲಿದ್ದದ್ದು ಎಂಬತ್ತು, ತೊಂಬತ್ತು. ಬೀಸಣಿಗೆಯಂತಿದ್ದ ಫ್ಯಾನುಗಳಿಗೆ ದಿಗಿಲು ಹತ್ತಿ, ಮನೆ ನಡುಗುವ ಹಾಗೆ ಭೋರಿಟ್ಟವು. ಹಳೆಯ ಕಂಪ್ಯೂಟರೇ ವಾಸಿ ಅನ್ನಿಸಿತು. ಬೆನ್ನ ಹಿಂದೆ ಟಪ್ಪೆಂದು ಡಬ್ಬಿ ಮುಚ್ಚಿದ್ದು ಕೇಳಿಸಿತು.

ಕಂಪ್ಯೂಟರ್ ಆರಿಸಿದೆ. ಮಾವ ತಮ್ಮ ಬಟ್ಟೆಗಳನ್ನು ಬ್ಯಾಗಿಗೆ ತುಂಬುತ್ತಿದ್ದರು.

"ನನ್ ಕೆಲ್ಸ ಬಾಳಿಕೆ ಬರ್ಲಿಲ್ಲ. ಕೈ ಹೋಯ್ತು ಕಣ್ ಮಗಾ, ಕಿವಿ ಹೋದಂಗೆ." ತಮಗೇ ಕೇಳಿಸದ ಕಾರಣ ಜೋರಾಗಿ ಹೇಳಿದರು. "ಭಾನ್ವಾರದ ಬಸ್ಸಿಗೆ ಹೊರಡ್ತೀನಿ."

ಶನಿವಾರ ಬೆಳಗ್ಗೆ ನೀರು ಇಳಿಸಿದೆ. ಬಕೆಟ್ಟಿಗೆ ಬಿದ್ದದ್ದು ತೆಳು ಕಿತ್ತಳೆ ಬಣ್ಣದ ನೀರು. ಚಿಪ್ಪಿನ ಮೇಲಿನ ತಾಮ್ರದ ಬಿಲ್ಲೆ ಬಿಚ್ಚಿದೆ. ಅದರೊಳಗೆ ಬಾಚಣಿಗೆಯ ಹಲ್ಲಿನಂಥ ಗೆರೆಗಳಿವೆ, ಕೂದಲೆಳೆಯಷ್ಟು ಸಂದು ಬಿಟ್ಟು. ನೀರು ಆ ಸಂದಿನಲ್ಲೇ ಹಾಯಬೇಕು. ಆ ಸಂದುಗಳ ತುಂಬಾ ಹಳದಿ ಕೆಂಪು ಕೆಸರು ಮೆತ್ತಿತ್ತು. ಮೂಗಿನ ಹತ್ತಿರ ತಂದೆ. ದೇವರ ಮನೆಯ ವಾಸನೆ.

ಪೈಪಿನಲ್ಲಿ ತಪ್ಪಿರಲಿಲ್ಲ, ಜಾಯಿಂಟಿನಲ್ಲಿ ತಪ್ಪಿರಲಿಲ್ಲ. ಗಂಗಮ್ಮನಿಗೆಂದು ಮಾವ ಟ್ಯಾಂಕಿನ ಮುಚ್ಚಳ ತೆಗೆದು ಚಿಟಿಕೆ ಅರಿಶಿನ, ಚಿಟಿಕೆ ಕುಂಕುಮ ಬಿಟ್ಟಿದ್ದರು.

ತಲೆಯೆತ್ತಿದರೆ ಮಾವ ಎದುರಿಗೇ ನಿಂತಿದ್ದರು, ಮಿಷನ್ ಹಾಕಿಕೊಂಡು.

"ಏನಾಗದೆ?"

ಹೇಳಿದರೆ ಬ್ಯಾಗಿನ ಜಿಪ್ ಎಳೆದು ಈಗಲೇ ಹೊರಟುಬಿಡುತ್ತಾರೆ ಅನ್ನಿಸಿತು. "ಕಂಪನಿಯವರು ನೀರಿಗೆ ಹಾಕೋ ಬಣ್ಣ ಮಾವ. ಅದೇ ಕಟ್ಕೊಂಡಿದೆ. ನಿಮ್ ಲೈನ್ ಚೆನ್ನಾಗೇ ಇದೆ."

ಅವರು ಬಾಗಿ ಕಿರುಬೆರಳಿಂದ ಬಿಲ್ಲೆಯನ್ನು ಒಮ್ಮೆ ಸವರಿ ಮೂಸಿದರು.

"ಯಾವ್ ಕಂಪ್ನಿಯೋನು ಅರಿಶಿನ ಹಾಕ್ತಾನೆ?"

ನಾನು ಬಕೆಟ್ಟನ್ನು ಮೇಜಿನ ಕೆಳಕ್ಕೆ ತಳ್ಳಿದೆ.

"ನಾನೇ ಹಾಕಿದ್ದು. ಗಂಗಮ್ಮನ್ನ ಬರಿಗೈಯಲ್ಲಿ ಒಳಕ್ಕೆ ಬುಡ್ತಾರಾ? ಬದುಕೆಲ್ಲ ಹಾಕಿವ್ನಿ, ಯಾವ್ ಲೈನೂ ಕಟ್ಟಿರ್ಲಿಲ್ಲ."

"ಅವೆಲ್ಲ ಎರಡಿಂಚಿನ ಪೈಪು ಮಾವ. ಇದು ಕೂದ್ಲೆಳೆ."

"ಅದು ಸರಿ. ನಂಗ್ಯಾಕೆ ಸುಳ್ಳು ಹೇಳ್ದೆ?"

"ನಿಜ ಹೇಳಿದ್ರೆ ನೀವು ಹೋಗ್ಬಿಡ್ತೀರ ಅಂತ."

ಮಾವ ಬಹಳ ಹೊತ್ತು ಆ ಬಿಲ್ಲೆಯನ್ನೇ ನೋಡುತ್ತಾ ನಿಂತರು. ಅವರ ಬಾಯಲ್ಲಿ ಮಾತು ಸಿಗದೆ ನಿಂತದ್ದನ್ನು ನಾನು ಕಂಡದ್ದು ಎರಡೇ ಸಲ. ಇನ್ನೊಂದು ಅತ್ತೆ ಹೋದ ದಿನ. ಆಮೇಲೆ ಮೇಜಿನ ಮುಂದೆ ಕುರ್ಚಿ ಎಳೆದುಕೊಂಡು ಕೂತರು.

"ಹಳೇ ಹಲ್ಲುಜ್ಜೋ ಬ್ರಷ್ ಇದ್ರೆ ತತ್ತಾ. ಹಂಗೇ ಹುಣ್ಸೆಹಣ್ಣು. ತಾಮ್ರ ತಾನೇ ಇದು?"

"ಹುಣಸೆಹಣ್ಣು ಬೇಡ ಮಾವ! ಅದರ ನಾರು ಬೇರೆ ಸಿಕ್ಕೊಳ್ಳುತ್ತೆ."

"ಹೌದಲ್ವಾ. ನಿಂಬೆಹಣ್ಣು ತಾ. ಸೋಸ್ಕೊಂಡ್ ತಾ, ಬೀಜ ಬಂದಾತು."

ತೋಟದ ಡ್ರಿಪ್ ಪೈಪಿನ ತೂತುಗಳು ಉಪ್ಪುಕಟ್ಟಿದರೆ ಬಿಡಿಸುವುದು ಅವರಿಗೆ ನೀರು ಕುಡಿದಷ್ಟು ಸುಲಭ. ನಿಂಬೆರಸದಲ್ಲಿ ನೆನೆಸಿ, ಬ್ರಷ್ಷಿನ ಒಂದೊಂದು ಎಳೆಯನ್ನೂ ಸಂದಿಗೆ ಹೊಂದಿಸಿ, ಉಸಿರು ಬಿಗಿಹಿಡಿದು ಎಳೆದರು. ನಾನು ಪೈಪುಗಳಿಗೆ ನೀರು ಹಾಯಿಸಿ ಹಾಯಿಸಿ ಚೆಲ್ಲಿದೆ. ತಿಳಿಯಾಗಿದೆ ಎಂದು ನಾನು ಮೂರು ಸಲ ಹೇಳಿದರೂ ಅವರು ಲೋಟದಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿ ನೋಡಿ, "ಇನ್ನೊಂದ್ಸಲ," ಎಂದರು. ಮಧ್ಯಾಹ್ನದ ಊಟ ಮೂರೂವರೆಗೆ ಆಯಿತು. ಹೊಸ ನೀರು ತುಂಬಿ ಗುಂಡಿ ಒತ್ತಿದಾಗ ಅಂಕಿ ಅರವತ್ತಕ್ಕೆ ಬಂದು ನಿಂತಿತು. ಹೊರಗೆ ತಳ್ಳುಗಾಡಿಯವನು ಸೊಪ್ಪು ಕೂಗುವುದು ನಮ್ಮಿಬ್ಬರಿಗೂ ಕೇಳುತ್ತಿತ್ತು.

ಆಮೇಲೆ ಸುಮ್ಮನೆ ಒಂದು ಮಾತು ಹೇಳಿದೆ: "ಈ ನೀರನ್ನ ಆರು ತಿಂಗಳಿಗೊಂದು ಸಲ ಬದಲಾಯಿಸ್ಬೇಕಂತೆ ಮಾವ."

ಮಾವ ಫೋನ್ ತೆಗೆದು ಕುಣಿಗಲ್ಲಿಗೆ ಹಚ್ಚಲು ಹೇಳಿದರು.

"ನಾಳೆ ಬರಕ್ಕಾಗಲ್ಲ ಕಣೇ," ಎಂದರು.

"ಯಾಕೆ? ಇನ್ನೂ ಎಷ್ಟ್ ಬೆಂಡ್ ಬಾಕಿ ಅದೆ?" ಚಿಕ್ಕಮ್ಮನ ದನಿ ಖಾರವಾಗಿತ್ತು.

"ಬೆಂಡ್ ಎಲ್ಲಾ ಆಯ್ತು. ನೀರು ನೋಡ್ಕೋಬೇಕು. ಆರಾರು ತಿಂಗ್ಳಿಗೆ ಇಳ್ಸಿ ತುಂಬೋ ಲೈನು ಇದು. ಇವ್ಳಿಗೆ ಬರಲ್ಲ."

ನನಗೆ ಬರುತ್ತದೆ. ಆ ದಿನವೇ ಒಮ್ಮೆ ಇಳಿಸಿ ತುಂಬಿಯೂ ಆಗಿತ್ತು. ಆದರೆ ನಾನು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದೆ.

"ಆರ್ ತಿಂಗ್ಳಾ! ಹಂಗಾದ್ರೆ ಈ ಮಂಚ ಏನ್ ಮಾಡ್ಲಣ್ಣಾ?"

"ನಾಯಿ ಮಲಗ್ಸು," ಎಂದರು ಮಾವ. "ಇಲ್ಲಾ, ನೀನೇ ಬಾ. ನಮ್ ಲೈನ್ ನೋಡ್ಕೊಂಡ್ ಹೋಗೀವಂತೆ."